ಸುರ್ರ್ ಎನ್ನುವ ವಿದ್ಯೆ

ರಿಂಗ್ ರೋಡಿನಲ್ಲಿ ಹೊಸದಾಗಿ ತೆರೆದ ಅಂಗಡಿಯ 'ಸ್ಪೆಷಾಲಿಟಿ ಕಾಫಿ' ಎಂಬ ಬೋರ್ಡು ಓದಿಕೊಂಡು ಬಂದ ಪಕ್ಕದ ಮನೆಯ ಕಾಕಾ ಕೇಳಿದ್ದು ಒಂದೇ ಪ್ರಶ್ನೆ: "ಮಾಸ್ತರೆ, ಅಲ್ಲಿ ಆಯುಷ್ಮಾನ್ ಕಾರ್ಡ್ ನಡೀತದೇನ್ರಿ?"

ಅವರದೇನೂ ತಪ್ಪಿಲ್ಲ. ಕಲಬುರಗಿಯಲ್ಲಿ 'ಸ್ಪೆಷಾಲಿಟಿ' ಎಂಬ ಶಬ್ದವನ್ನು ನಾವು ಇಷ್ಟು ವರ್ಷ ಓದಿದ್ದು ಆಸ್ಪತ್ರೆಯ ಬೋರ್ಡಿನ ಮೇಲೆ ಮಾತ್ರ. ಹೃದಯಕ್ಕೊಂದು, ಕಿಡ್ನಿಗೊಂದು, ಮೊಣಕಾಲಿಗೊಂದು. ಕಾಫಿ ಅಂದರೆ ಎಂಥದೋ ಹೊಸ ಬ್ಯಾನಿ ಇರಬೇಕು ಅಂದುಕೊಂಡು ಒಳಗೆ ಇಣುಕಿದ್ದಾರೆ. ಇಣುಕಿದ ಮೇಲೆ ಉಳಿದಿದ್ದ ಅನುಮಾನವೂ ಹೋಯಿತಂತೆ. ಏಪ್ರನ್ ತೊಟ್ಟ ಹುಡುಗ, ಗಾಜಿನ ಬೀಕರು, ಗ್ರಾಮಿನ ಹತ್ತರಲ್ಲೊಂದು ಪಾಲು ತೋರಿಸುವ ತಕ್ಕಡಿ, ಕೈಯಲ್ಲಿ ಎಮ್ಮೆಗೆ ಚುಚ್ಚುವ ಅಳತೆಯ ಸಿರಿಂಜು. (ಅದರ ಹೆಸರು ಏರೋಪ್ರೆಸ್, ಕಾಫಿ ಒತ್ತಿ ಇಳಿಸುವ ಸಾಧನ. ಅಮೆರಿಕದಲ್ಲಿ ಹಾರುವ ಆಟಿಕೆ ಬಳೆ ಮಾಡುತ್ತಿದ್ದ ಎಂಜಿನಿಯರೊಬ್ಬ 2005ರಲ್ಲಿ ಮಾರುಕಟ್ಟೆಗೆ ತಂದದ್ದು.) ಮೂಲೆಯಲ್ಲಿ ಸ್ಟ್ಯಾಂಡಿಗೆ ಸಿಕ್ಕಿಸಿದ ಗಾಜಿನ ಬುರುಡೆಯಿಂದ ಕರೀ ನೀರು ಹನಿ ಹನಿಯಾಗಿ ಇಳಿಯುತ್ತಿತ್ತು. "ಸಲೈನ್ ಹಚ್ಯಾರ್ರಿ, ಖರೆ ಪೇಷಂಟ್ ಕಾಣಲಿಲ್ಲ" ಅಂದರು ಕಾಕಾ.

ಪೇಷಂಟು ನಾನಾಗುವವನಿದ್ದೆ.

ನನ್ನ ಅಳಿಯ, ಅಂದರೆ ಅಕ್ಕನ ಮಗ, ಬೆಂಗಳೂರಿನ ಸಾಫ್ಟ್‌ವೇರ್ ಕೆಲಸವನ್ನು ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡು ಮೇ ತಿಂಗಳಲ್ಲಿ ನಮ್ಮ ಮನೆಗೆ ಬಂದ. ಮೇ ತಿಂಗಳಲ್ಲಿ ಕಲಬುರಗಿಗೆ ಬರುವವನ ಬುದ್ಧಿಯ ಬಗ್ಗೆ ಅವತ್ತೇ ವಿಚಾರ ಮಾಡಬೇಕಿತ್ತು. ಮರುದಿನ ಬೆಳಿಗ್ಗೆ ನನ್ನ ಹೆಂಡತಿ ಕೊಟ್ಟ ಖಡಕ್ ಚಹಾವನ್ನು ಒಂದು ಗುಟುಕು ಕುಡಿದು, ಕಪ್ಪು ಕೆಳಗಿಟ್ಟು, ಡಾಕ್ಟರು ಎಕ್ಸ್‌ರೇ ನೋಡಿದ ಮೋರೆ ಮಾಡಿ, "ಮಾಮಾ, ನಿಮಗ ಪ್ಯಾಲೆಟ್ ಬೆಳೆದಿಲ್ಲ" ಅಂದ. ಹಲ್ಲಿನ ಸೆಟ್ಟಿನ ಮಾತಿರಬೇಕೆಂದು "ಹೊಸಾದು ಹಾಕ್ಸಿ ವರ್ಷ ಆತಪಾ" ಅಂದೆ. ಅವನು ಹೇಳಿದ್ದು ನಾಲಿಗೆಯ ತಿಳಿವಳಿಕೆಯ ಬಗ್ಗೆ. ಅರವತ್ತಮೂರು ವರ್ಷ ಪುಂಡಿ ಪಲ್ಯ, ಶೇಂಗಾ ಹಿಂಡಿ, ಎಣ್ಣೆಗಾಯಿ ತಿಂದ ನಾಲಿಗೆ ಅನಕ್ಷರಸ್ಥವಾಗಿಯೇ ಉಳಿದಿದೆ ಎಂಬುದು ನನಗೆ ಗೊತ್ತಾದದ್ದು ಅವತ್ತು.

ಮೊದಲ ಪಾಠ ನೀರಿನದು. ಕಾಫಿಯಲ್ಲಿ ಶೇ 98ರಷ್ಟು ನೀರೇ ಇರುತ್ತದಂತೆ. ನಮ್ಮ ಓಣಿಯ ಹಾಲಿನವನಿಗೆ ಈ ಸೂತ್ರ ಮೊದಲೇ ಗೊತ್ತಿದೆ, ಇರಲಿ. ಆ ನೀರಿನಲ್ಲಿ ಕರಗಿದ ಲವಣ ಲೀಟರಿಗೆ 150 ಮಿಲಿಗ್ರಾಂ ಆಸುಪಾಸು ಇರಬೇಕು. ಅಳಿಯ ಪೆನ್ನಿನಂಥ ಮೀಟರೊಂದನ್ನು ನಮ್ಮ ಬೋರಿನ ನೀರಿಗೆ ಅದ್ದಿದ. ಅಂಕಿ ಏರಿತು, ಏರಿತು, ನಾಲ್ಕಂಕಿಯ ಹತ್ತಿರ ಹೋಗಿ ನಿಂತಿತು. "ಮಾಮಾ, ಇದು ನೀರಲ್ಲ, ಕಲ್ಲು" ಅಂದ. ನಾವು ಅದನ್ನೇ ಕುಡಿದು, ಅದರಲ್ಲೇ ಬ್ಯಾಳಿ ಬೇಯಿಸಿಕೊಂಡು, ವರ್ಷಕ್ಕೊಮ್ಮೆ ಗೀಸರ್ ಬಿಚ್ಚಿ ಸುಣ್ಣ ಕೆರೆದು ತೆಗೆಯುವವರು. ನಳದ ನೀರು ಸ್ವಲ್ಪ ಸೌಮ್ಯ ನಿಜ, ಆದರೆ ಅದು ಬರುವುದು ತನಗೆ ಮನಸ್ಸು ಬಂದ ದಿನ.

ಕೊನೆಗೆ ಐದು ರೂಪಾಯಿ ನಾಣ್ಯ ಹಾಕಿದರೆ ಕ್ಯಾನು ತುಂಬುವ ಘಟಕದಿಂದ ಶುದ್ಧ ನೀರು ತಂದ. ಮೀಟರು ಅದ್ದಿದ. ಮತ್ತೆ ಮೋರೆ ಸಣ್ಣದಾಯಿತು. ಈಗ ನೀರು ಅತಿ ಶುದ್ಧವಂತೆ, ರುಚಿಯನ್ನು ಹಿಡಿದು ಎಳೆಯಲು ಅದರಲ್ಲಿ ಏನೂ ಉಳಿದಿಲ್ಲವಂತೆ. ಅದಕ್ಕೆ ಲವಣವನ್ನು ವಾಪಸು ಬೆರೆಸಬೇಕು. ಬ್ಯಾಗಿನಿಂದ ಎರಡು ಬಿಳಿ ಡಬ್ಬಿ ತೆಗೆದ. ಒಂದರಲ್ಲಿ ತಿನ್ನುವ ಸೋಡಾ. ಇನ್ನೊಂದರಲ್ಲಿ ಮೆಗ್ನೀಸಿಯಂ ಸಲ್ಫೇಟ್.

ನಾನು ಮೂವತ್ತು ವರ್ಷ ಹುಡುಗರಿಗೆ ವಿಜ್ಞಾನ ಕಲಿಸಿದವನು. "ಇದು ಎಪ್ಸಮ್ ಸಾಲ್ಟ್ ಅಲ್ಲೇನೋ?" ಅಂದೆ.

"ಹೌದು ಮಾಮಾ."

ನಮ್ಮ ಮುತ್ಯಾ ಇದನ್ನು ಜುಲಾಬಿನ ಉಪ್ಪು ಅನ್ನುತ್ತಿದ್ದ. ಮಲಬದ್ಧತೆಯಾದರೆ ಒಂದು ಚಮಚ ನೀರಿಗೆ ಹಾಕಿ ಕುಡಿಸಿ, ಹಿತ್ತಲ ಬಾಗಿಲ ಅಗಳಿ ತೆಗೆದಿಡುತ್ತಿದ್ದ. ಅಳಿಯ ಮಾತ್ರ ಲೀಟರಿಗೆ ಚಿಟಿಕೆಗಿಂತ ಕಡಿಮೆ, ಅದನ್ನೂ ತೂಗಿ ಹಾಕಿದ. ಸರಾಫ್ ಬಜಾರಿನಲ್ಲಿ ಬಂಗಾರವನ್ನು ಇಷ್ಟು ನಿಯತ್ತಿನಿಂದ ತೂಗುವುದನ್ನು ನಾನು ನೋಡಿಲ್ಲ. ಆಮೇಲೆ ಡಬ್ಬಿಗಳನ್ನು ಗ್ಯಾಸಿನ ಪಕ್ಕದ ಕಟ್ಟೆಯ ಮೇಲೆ, ಉಪ್ಪು-ಖಾರದ ಡಬ್ಬಿಗಳ ಸಾಲಿನಲ್ಲೇ ಇಟ್ಟ. ಇವಳು ಆಗ ಶರಣಬಸವೇಶ್ವರ ಗುಡಿಗೆ ಹೋಗಿದ್ದಳು. ಇದ್ದಿದ್ದರೆ ಆ ಡಬ್ಬಿ ಅಲ್ಲಿ ಕೂಡುತ್ತಿರಲಿಲ್ಲ.

ನೀರಿನ ಕಾವು 93 ಡಿಗ್ರಿ ಇರಬೇಕಂತೆ. ಈ ಒಂದು ವಿಷಯದಲ್ಲಿ ನಮ್ಮ ಜಿಲ್ಲೆ ಮುಂದಿದೆ. ಹೊರಗೆ 43 ಇದ್ದಾಗ ಮಾಳಿಗೆಯ ಮೇಲಿನ ಟಾಕಿಯ ನೀರು ಅರ್ಧ ದಾರಿ ನಡೆದೇ ಬಂದಿರುತ್ತದೆ. ಉಳಿದದ್ದನ್ನು ಕಾಯಿಸಲು ಬಾತುಕೋಳಿ ಕುತ್ತಿಗೆಯ ಝಾರಿಯೊಂದನ್ನು ತಂದಿದ್ದ, ಬೀದರಿನ ಬಿದ್ರಿ ಸುರಾಹಿ ನೋಡಿದರೆ ನಾಚಬೇಕು ಅಂಥದು. ಇವಳು ಅದರಲ್ಲಿ ಎರಡು ದಿನ ತುಳಸಿಗೆ ನೀರು ಹಾಕಿದಳು. ತುಳಸಿಗೆ ಅದು ಸರಿ ಹೊಂದಿತು. ಇನ್ನು ಕಾಫಿ ಸೋಸಲು ಚುರುಮುರಿ ಪೊಟ್ಟಣದ ಆಕಾರದ ಕಾಗದದ ಜಾಳಿಗೆ. ಕಾಗದದ ವಾಸನೆ ಕಾಫಿಗೆ ಹತ್ತಬಾರದೆಂದು ಅದನ್ನು ಮೊದಲು ಬಿಸಿನೀರಲ್ಲಿ ತೊಳೆಯಬೇಕು. ನಮ್ಮೂರ ಸೂಪರ್ ಮಾರ್ಕೆಟ್ ಪೇಟೆಯ ಗಾಡಿಯ ಮುಂದೆ ನಿಂತು ನಿನ್ನಿನ ಪೇಪರಿನಲ್ಲಿ ಮಿರ್ಚಿ ಭಜಿ ತಿಂದು, ಬೊಟ್ಟಿಗೆ ಹತ್ತಿದ ಸಂಪಾದಕೀಯವನ್ನೂ ನೆಕ್ಕಿದವನು ನಾನು. ಸುಮ್ಮನಿದ್ದೆ.

ಇಷ್ಟಾದ ಮೇಲೆ ಒಂದು ಭಾನುವಾರ ಅಳಿಯ ನನ್ನನ್ನು ರಿಂಗ್ ರೋಡಿನ ಅಂಗಡಿಗೆ ಕರೆದೊಯ್ದ. ಅಲ್ಲಿ 'ಕಾಫಿ ಆಸ್ವಾದನೆ ಬೆಳೆಸಿಕೊಳ್ಳುವ' ಎರಡು ತಾಸಿನ ಶಿಬಿರ. ಫೀಜು ತಲೆಗೆ 1,800 ರೂಪಾಯಿ. ನನ್ನ ಮೊದಲ ಪಗಾರ ಇದಕ್ಕಿಂತ ಕಡಿಮೆ ಇತ್ತು. ಹನ್ನೆರಡು ಮಂದಿ ಕೂತಿದ್ದೆವು: ಡಾಕ್ಟರ್ ದಂಪತಿ, ಲೇಔಟ್ ಮಾಡುವ ಇಬ್ಬರು, ಕೆಎಎಸ್‌ಗೆ ಓದುವ ಹುಡುಗ, ಒಬ್ಬ ದಾಲ್ ಮಿಲ್ ಸಾಹುಕಾರ, ಹೀಗೆ. ಕಲಿಸುವವನು ಬೆಂಗಳೂರಿನಿಂದ ಬಂದ ಗಡ್ಡದ ಯುವಕ.

"ಸ್ಪೆಷಾಲಿಟಿ ಕಾಫಿ" ಎಂಬ ಮಾತು ಚಾಲ್ತಿಗೆ ಬಂದದ್ದು 1974ರಲ್ಲಿ, ಎರ್ನಾ ಕ್ನೂಟ್ಸನ್ ಎಂಬ ಹೆಣ್ಣುಮಗಳಿಂದ ಎಂದು ಶುರು ಮಾಡಿದ. ಈಗ ಅದಕ್ಕೊಂದು ಪರೀಕ್ಷೆಯೇ ಇದೆ. ನೂರಕ್ಕೆ 80 ಬಂದರೆ ಸ್ಪೆಷಾಲಿಟಿ, 79 ಬಂದರೆ ಬರೀ ಕಾಫಿ. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಶೇ 51 ಇದ್ದರೆ ಸಾಕು ಎನ್ನುತ್ತದೆ ಕಾನೂನು. ಚಿಕೋರಿಯ ಹೆಸರು ಹೇಳುವಾಗ ಯುವಕ, ಮನೆ ಬಿಟ್ಟು ಓಡಿಹೋದ ತಮ್ಮನ ಹೆಸರು ಹೇಳಿದ ಹಾಗೆ ದನಿ ತಗ್ಗಿಸಿದ. 35ಕ್ಕೆ ಪಾಸು ಮಾಡುತ್ತ ಬಂದ ಮಾಸ್ತರ ನಾನು, ಆ 80ರ ಮಾತು ಕೇಳಿ ನನ್ನ ಎದೆ ಝಲ್ಲೆಂದಿತು. 2025ರ ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಜಿಲ್ಲೆಯ ಫಲಿತಾಂಶ ಶೇ 42ರ ಆಸುಪಾಸು, ರಾಜ್ಯಕ್ಕೇ ಕೊನೆ. ಇಲ್ಲಿ ನೋಡಿದರೆ ಚಿಕ್ಕಮಗಳೂರಿನ ಬೀಜವೊಂದು 84 ತಗೊಂಡು ಮೇಜಿನ ಮೇಲೆ ಕೂತಿದೆ. ಅದಕ್ಕೆ ನೆರಳಿಗೆ ಸಿಲ್ವರ್ ಓಕ್, ಕಲಿಕೆಗೆ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ, ಪೇಪರು ತಿದ್ದಲು ಪ್ರಮಾಣಪತ್ರ ಪಡೆದ ಪರೀಕ್ಷಕರು. ಒಂದು ಬೀಜದ ಮೇಲೆ ಇಷ್ಟು ಜನ ಮಾಸ್ತರರು! ನಮ್ಮ ಎಷ್ಟೋ ಶಾಲೆಯಲ್ಲಿ ಗಣಿತಕ್ಕೆ ಒಬ್ಬನನ್ನು ಹುಡುಕುವುದರೊಳಗೆ ಮಾರ್ಚ್ ಬಂದಿರುತ್ತದೆ.

ಬಾಬಾ ಬುಡನ್ ಯೆಮೆನ್ನಿನಿಂದ ಏಳು ಬೀಜ ತಂದ ಕಥೆಯೂ ಬಂತು. ನಮ್ಮೂರಿಗೂ ಸೂಫಿಗಳ ಕೊರತೆ ಇರಲಿಲ್ಲ. ಆದರೆ ಖ್ವಾಜಾ ಬಂದೇ ನವಾಜರು ತೀರಿಕೊಂಡದ್ದು 1422ರಲ್ಲಿ, ಬೀಜ ಬಂದದ್ದು ಅದಾಗಿ ಎರಡು ನೂರು ವರ್ಷಕ್ಕೂ ಮೇಲೆ. ಹೀಗಾಗಿ ನಮ್ಮ ಪಾಲಿಗೆ ಉಳಿದದ್ದು ಹೈದರಾಬಾದಿನ ಕಡೆಯ ಇರಾನಿ ಚಹಾ. ಕಾಫಿ ಪ್ಯಾಕೆಟ್ಟನ್ನು ಕೈಯಿಂದ ಕೈಗೆ ದಾಟಿಸಿದರು. ತೋಟದ ಎತ್ತರ, ತಳಿ, ಒಣಗಿಸಿದ ಬಗೆ, ಹುರಿದ ತಾರೀಖು, ಲಗ್ನಪತ್ರಿಕೆಯಲ್ಲೂ ಇಷ್ಟು ವಿವರ ಇರುವುದಿಲ್ಲ. ಹಣ್ಣು ಕಿತ್ತವರ ಸುದ್ದಿ ಮಾತ್ರ ಇರಲಿಲ್ಲ. ಅಸ್ಸಾಮಿನ ಮಂದಿ ಕೊಡಗಿಗೆ ಬಂದು ಕಾಫಿ ಕೀಳುತ್ತಾರೆ, ಅಸ್ಸಾಮಿನ ಚಹಾಪುಡಿ ಕಲಬುರಗಿಗೆ ಬಂದು ಕುದಿಯುತ್ತದೆ, ಕರ್ನಾಟಕದ ಕಾಫಿ ಹಡಗು ಹತ್ತಿ ಇಟಲಿಗೆ ಹೋಗುತ್ತದೆ. ದೇಶದ ಕಾಫಿಯಲ್ಲಿ ಶೇ 70ರಷ್ಟು ಬೆಳೆಯುವ ರಾಜ್ಯದಲ್ಲಿ ಕೂತು ನಾವು ಅದನ್ನು ಕುಡಿಯಲು ಟ್ಯೂಷನ್ನಿಗೆ ಬಂದಿದ್ದೆವು.

ಆಮೇಲೆ ಬಂತು ನೋಡಿ ಮುಖ್ಯ ವಿದ್ಯೆ. ಬಟ್ಟಲಿಗೆ 8.25 ಗ್ರಾಂ ಪುಡಿ, 150 ಮಿಲಿ ಬಿಸಿನೀರು. ನಾಲ್ಕು ನಿಮಿಷ ಬಿಟ್ಟು ಮೇಲಿನ ಕೆನೆಗಟ್ಟಿದ ಪುಡಿಯನ್ನು ಚಮಚದಿಂದ ಒಡೆದು, ಮೂಗು ಮುಳುಗಿಸಿ ವಾಸನೆ ನೋಡಿ, ಆಮೇಲೆ ಒಂದು ಚಮಚ ಎತ್ತಿ...

"ಸುರ್ರ್ ಅಂತ ಎಳೀಬೇಕು. ಜೋರಾಗಿ. ಯಾರೂ ನಾಚ್ಕೋಬೇಡಿ" ಅಂದ ಯುವಕ. "ಗಾಳಿ ಜೊತೆ ಎಳೆದ್ರೆ ಹನಿಹನಿಯಾಗಿ ಬಾಯೆಲ್ಲ ಹರಡುತ್ತೆ, ಪರಿಮಳ ಮೂಗಿನ ಹಿಂದಕ್ಕೆ ಏರುತ್ತೆ."

ನಾನು ಚಮಚ ಹಿಡಿದುಕೊಂಡೇ ಕೂತೆ. ಕಣ್ಣ ಮುಂದೆ ಮುತ್ಯಾ ಬಂದ. ಚಹಾವನ್ನು ಬಸಿಗೆ ಸುರುವಿಕೊಂಡು, ಮೂರು ಬೊಟ್ಟಿನ ಮೇಲೆ ಬಸಿ ನಿಲ್ಲಿಸಿ ಅವನು ಸುರ್ರ್ ಎಂದು ಎಳೆದರೆ ಹಿಂದಿನ ಓಣಿಯ ನಾಯಿ ಕಿವಿ ನಿಮಿರಿಸುತ್ತಿತ್ತು. ಗಾಳಿ, ಹನಿ, ಮೂಗಿನ ಹಿಂಭಾಗ ಎಲ್ಲವೂ ಅವನಿಗೆ ಸಿದ್ಧಿಸಿದ್ದವು, ಹೆಸರು ಗೊತ್ತಿರಲಿಲ್ಲ ಅಷ್ಟೆ. ನನ್ನ ಮದುವೆಯ ಮಾತುಕತೆಗೆ ಬೀಗರು ಬಂದ ದಿನ ಅವ್ವ ಮನೆಯ ಬಸಿಗಳನ್ನೆಲ್ಲ ಜ್ವಾಳದ ಚೀಲದ ಹಿಂದೆ ಅಡಗಿಸಿಟ್ಟು, "ಮಾವ, ಇವತ್ತೊಂದಿನ ಸಪ್ಪಳ ಮಾಡಬ್ಯಾಡ್ರಿ" ಎಂದು ಕೈ ಮುಗಿದಿದ್ದಳು. ಪಾಪ, ಮುತ್ಯಾ ಅವತ್ತು ಚಹಾ ಕುಡಿಯಲೇ ಇಲ್ಲ. ಅದೇ ಸಪ್ಪಳಕ್ಕೆ ಈಗ 1,800 ರೂಪಾಯಿ. ಹನ್ನೆರಡು ಮಂದಿ ಒಟ್ಟಿಗೆ ಎಳೆದಾಗ ಎಮ್ಮೆ ಹಿಂಡು ಮುಸುರಿ ಕುಡಿದಂತಾಯಿತು. ಎಳೆದ ಮೇಲೆ ನುಂಗಬೇಕೆಂದಿಲ್ಲ, ಉಗುಳಲು ಪ್ರತ್ಯೇಕ ಲೋಟ ಕೊಟ್ಟಿದ್ದರು. ಆ ಒಂದು ಕಲೆಯಲ್ಲಿ ನಮ್ಮೂರವರಿಗೆ ಶಿಬಿರ ಬೇಕಾಗಲಿಲ್ಲ.

ಗೋಡೆಯ ಮೇಲೆ ಬಣ್ಣಬಣ್ಣದ ರುಚಿಚಕ್ರ ತೂಗುಹಾಕಿದ್ದರು. 1995ರಲ್ಲಿ ಮಾಡಿ 2016ರಲ್ಲಿ ತಿದ್ದಿದ್ದು. ಬ್ಲೂಬೆರಿ, ರಾಸ್‌ಬೆರಿ, ಪೀಚು, ಮಲ್ಲಿಗೆ. ಚಕ್ರದ ಹಿತ್ತಲಿನಲ್ಲಿ ರಬ್ಬರು, ರಟ್ಟು, ಧೂಳು ಕೂಡ ಇವೆ. ಯಾವುದು ಸಿಕ್ಕಿತೋ ಹೇಳಿ ಎಂದರು. ಬ್ಲೂಬೆರಿ ತಿಂದವರು ಕೈ ಎತ್ತಿ ಎಂದರೆ ಡಾಕ್ಟರ್ ದಂಪತಿಯಲ್ಲಿ ಒಬ್ಬರು ಎತ್ತಿದರು, ಇನ್ನೊಬ್ಬರು ಅವರನ್ನು ಸಂಶಯದಿಂದ ನೋಡಿದರು. ಕೆಎಎಸ್ ಹುಡುಗ ಕಲಿತ ವಿದ್ಯಾರ್ಥಿಯಂತೆ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ.

ದಾಲ್ ಮಿಲ್ ಸಾಹುಕಾರರು ಎಳೆದರು, ಉಗುಳಿದರು, "ತೊಗರಿ ಹೊಟ್ಟು ಸುಟ್ಟ ವಾಸನಿ" ಅಂದರು.

"ಸರ್, ನಿಮ್ಮ ಪ್ಯಾಲೆಟ್ ಇನ್ನೂ ಡೆವಲಪ್ ಆಗ್ಬೇಕು."

ಇವರು ಒಂದು ತೊಗರಿ ಕಾಳು ಬಾಯಿಗೆ ಹಾಕಿ ಕಟಕ್ಕೆಂದು ಕಡಿದರೆ ತೇವ ಎಷ್ಟಿದೆ, ಹೊಸದೋ ಹಳೆಯದೋ, ಯಾವ ಕಡೆಯ ಹೊಲದ್ದು ಎಂದು ಹೇಳುವ ಮನುಷ್ಯ. ಆ ನಾಲಿಗೆಯ ಮೇಲೆ ಲಾರಿಗಟ್ಟಲೆ ವ್ಯಾಪಾರ ನಡೆಯುತ್ತದೆ. ಅವರೇನೂ ಬೇಜಾರು ಮಾಡಿಕೊಳ್ಳಲಿಲ್ಲ. "ನಮ್ಮ ತೊಗರಿಗೂ 2019ರಾಗ ಜಿಐ ಟ್ಯಾಗ್ ಬಂದದ, ಖರೆ ಯಾರೂ ಚಕ್ರ ಮಾಡಿ ಕೊಟ್ಟಿಲ್ಲ ನೋಡ್ರಿ" ಎಂದು, "ಅಂದಂಗ ಇದು ಕ್ವಿಂಟಲಿಗಿ ಏನ್ ರೇಟು?" ಎಂದು ಕೇಳಿದರು.

ನನ್ನ ಸರದಿ ಬಂತು. ಮುತ್ಯಾನನ್ನು ನೆನೆದು ಎಳೆದೆ. ಸಪ್ಪಳಕ್ಕೆ ಯುವಕ ಮೆಚ್ಚಿ ತಲೆದೂಗಿದ. ನಿಜ ಹೇಳಬೇಕೆಂದರೆ, ಏನೋ ಸಿಕ್ಕಿತು. ನಾಲಿಗೆಯ ಎರಡೂ ಬದಿಗೆ ಚುರುಕ್ಕೆನ್ನುವ ಹುಳಿ, ಹಿಂದೆಯೇ ಸಣ್ಣ ಒಗರು. ಖಂಡಿತ ಗೊತ್ತಿದ್ದ ರುಚಿ.

"ಪುಂಡಿ ಪಲ್ಯ!" ಅಂದೆ.

ಎಲ್ಲರೂ ನಕ್ಕರು. ಅಳಿಯ ನೆಲ ನೋಡಿದ. "ಲೋಕಲ್ ಉದಾಹರಣೆ ನಡೆಯಲ್ಲ ಸರ್, ಅಂತಾರಾಷ್ಟ್ರೀಯ ಭಾಷೆ ಬೇಕು" ಎಂದು ಯುವಕ ಪ್ಯಾಕೆಟ್ಟು ತಿರುಗಿಸಿ ಸರಿಯುತ್ತರ ಓದಿದ: "ಹೈಬಿಸ್ಕಸ್."

ಆಗ ನನ್ನೊಳಗಿನ ಮಾಸ್ತರ ಎದ್ದು ನಿಂತ. ಪುಂಡಿಯ ಸಸ್ಯಶಾಸ್ತ್ರೀಯ ಹೆಸರೇ ಹೈಬಿಸ್ಕಸ್ ಕ್ಯಾನಬಿನಸ್ ಎಂದು ಹೇಳಿದೆ, ದಾಸವಾಳದ ಕುಲದ್ದೇ ಎಂದೆ, ಬೇಕಿದ್ದರೆ ಬೋರ್ಡಿನ ಮೇಲೆ ಹೂವಿನ ಚಿತ್ರ ಬರೆದು ಭಾಗ ಗುರುತಿಸುತ್ತೇನೆ ಎಂದೆ. ಯುವಕ ಫೋನು ತೆಗೆದು ನೋಡಿದ. ಬಹಳ ಹೊತ್ತು ನೋಡಿದ. ಕೊನೆಗೆ ಅರ್ಧ ಮಾರ್ಕ್ಸ್ ಕೊಟ್ಟ. ಗೆದ್ದೆನೆಂದು ಅಲ್ಲಿಗೇ ಬಿಡಬೇಕಿತ್ತು. ಆದರೆ ಕೆಎಎಸ್ ಹುಡುಗ 'ಕ್ಯಾನಬಿನಸ್' ಎಂಬುದನ್ನು ಕೇಳಿಸಿಕೊಂಡು, "ಸರ್, ಅದು ಗಾಂಜಾನೇನ್ರಿ?" ಅಂದ. ಎಲೆ ಮಾತ್ರ ಹಾಗೆ ಕಾಣುತ್ತದೆ ಎಂದು ತಿಳಿಸಿ ಹೇಳುವುದರಲ್ಲಿ ಶಿಬಿರದ ಸಮಯ ಮುಗಿಯಿತು.

ಮರುದಿನ ಸೋಮವಾರ. ಇವಳಿಗೆ ಉಪವಾಸ. ಆದರೂ ಶಿಬಿರದ ಕಥೆ ಕೇಳಿ ಹುರುಪಿಗೆ ಬಂದು ನಮ್ಮಿಬ್ಬರಿಗೆ ಬಿಸಿ ಜ್ವಾಳದ ರೊಟ್ಟಿ, ಪುಂಡಿ ಪಲ್ಯ ಮಾಡಿದಳು. ಅಳಿಯ ಮೊದಲು ತಾಟಿಗೆ ಮೂಗು ಹಿಡಿದ. ಆಮೇಲೆ ಒಂದು ತುತ್ತು ತಿಂದು ಕಣ್ಣು ಮುಚ್ಚಿ, "ಅತ್ತಿ, ಆಸಿಡಿಟಿ ಭಾಳ ಬ್ರೈಟ್ ಅದ, ಬಾಡಿ ಮೀಡಿಯಂ, ಫಿನಿಶ್ ಕ್ಲೀನ್" ಅಂದ.

"ಅದೆಲ್ಲ ಇರ್ಲಿ. ನಾ ಬಾಯಿಗೆ ಹಾಕಿ ನೋಡಂಗಿಲ್ಲ. ಉಪ್ಪು ಸರಿ ಆಗ್ಯಾದೇನು, ಅಷ್ಟು ಹೇಳು."

ಅಳಿಯ ಕಣ್ಣು ಬಿಟ್ಟ. ಮತ್ತೊಂದು ತುತ್ತು ತಿಂದ. ಚಕ್ರವನ್ನು ಮನಸ್ಸಿನಲ್ಲೇ ಒಂದು ಸುತ್ತು ತಿರುಗಿಸಿರಬೇಕು. "ಅಂದ್ರ... ಬ್ಯಾಲೆನ್ಸ್ ಸ್ವಲ್ಪ..." ಎಂದು ತಡವರಿಸಿದ.

"ಕಡಿಮಿ ಆಗ್ಯಾದ ಅನ್ನು" ಎಂದು ಇವಳು ಒಳಗೆ ಹೋದಳು. ಗ್ಯಾಸಿನ ಪಕ್ಕದ ಸಾಲಿನಿಂದ ಒಂದು ಬಿಳಿ ಡಬ್ಬಿ ಎತ್ತಿಕೊಂಡು ಬಂದು, ಕೈಯಳತೆಯಲ್ಲಿ ಅವನ ಪಲ್ಯಕ್ಕೆ ಧಾರಾಳವಾಗಿ ಉದುರಿಸಿ ಕಲಸಿದಳು.

ಅಳಿಯ ತಿಂದ. ಈ ಸಲ ಮುಖ ಅರಳಿತು. "ಮಾಮಾ, ಕಡೀಕ ಒಂದು ಕಹಿ ನೋಟ್ ಬಂತು ನೋಡ್ರಿ. ಈಗ ಕಾಂಪ್ಲೆಕ್ಸ್ ಆತು!"

ಡಬ್ಬಿ ಯಾವುದೆಂದು ನಾನು ನೋಡಿದ್ದೆ. ನನ್ನ ತಾಟಿನ ಕಡೆ ಬಂದ ಇವಳ ಕೈ ತಡೆದು, ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡೆ.

ರಾತ್ರಿ ಹನ್ನೊಂದಕ್ಕೆ ಹಿತ್ತಲ ಬಾಗಿಲ ಅಗಳಿ ತೆಗೆದಿಟ್ಟು ಮಲಗಿದೆ. ಅಂದಂಗೆ, ಮರುದಿನ ನಳ ಬರುವ ದಿನವಾಗಿರಲಿಲ್ಲ.