ಸತ್ತವನ ಹೆಸರು ಎಲ್ಲಿ ಅದ ರೀ?

ಸೈನಿಕರ ಸ್ಮಾರಕ ಅಂತ ಒಂದು ಉದ್ಘಾಟನೆಗೆ ಹೋಗಿ ಈಗಷ್ಟೇ ಮನಿಗೆ ಬಂದೀನಿ. ಊರ ಹೆಸರು ಬ್ಯಾಡ, ಕಲಬುರಗಿ ಜಿಲ್ಲಾದಾಗ ಅಂತ ತಿಳ್ಕೋರಿ. ಪರದೆ ಸರಿಸಿದರು. ಕರಿ ಗ್ರಾನೈಟು, ಬಂಗಾರ ಬಣ್ಣದ ಅಕ್ಷರ. ಉದ್ಘಾಟಕರು, ಅಧ್ಯಕ್ಷತೆ, ಘನ ಉಪಸ್ಥಿತಿ, ಮುಖ್ಯ ಅತಿಥಿಗಳು, ಕಡೀಗೆ ಗುತ್ತಿಗೆದಾರ. ಯಾರ ಸಲುವಾಗಿ ಕಲ್ಲು ನಿಲ್ಲಿಸ್ಯಾರೋ ಅವರಿಗೆ? ‘ವೀರ ಯೋಧರಿಗೆ ನಮನಗಳು’. ಮುಗೀತು. ಕೇಳಿದರ ‘ಸರ್, ಜಾಗ ಸಾಲಲಿಲ್ಲ’ ಅಂದರು. ಗುತ್ತಿಗೆದಾರನಿಗೆ ಸಾಲ್ತು ನೋಡ್ರಿ!

ನಾಗಾಲ್ಯಾಂಡಿನ ಕೊಹಿಮಾಕ್ಕ ಹೋಗಿ ಬಂದಾಗಿಂದ ನನಗ ಈ ಚಟ ಹತ್ತೇದ ಅಂತ ಮನ್ಯಾಗ ಬೈತಾರ. ಎಲ್ಲಿ ಕಲ್ಲು ಕಂಡರೂ ಹೆಸರು ಹುಡುಕೋದು. ಅಲ್ಲಿನ ವಾರ್ ಸಿಮೆಟ್ರಿ ಫೋಟೋ ಹಾಕಿ ನಿಮ್ಮೆಲ್ಲರ ತಲಿ ತಿಂದಿದ್ದು ನೆನಪಿರಬೇಕು. ಎರಡನೇ ಮಹಾಯುದ್ಧದಾಗ, 1944ರ ಏಪ್ರಿಲ್‌ನಿಂದ ಜೂನ್ ತನಕ ಕಾಳಗ ನಡೆದ ಗುಡ್ಡ ಅದು. ಡೆಪ್ಯುಟಿ ಕಮಿಷನರ್ ಬಂಗಲೆಯ ಟೆನಿಸ್ ಕೋರ್ಟಿನ ಈ ಕಡೆ ಬ್ರಿಟಿಷರ ಮತ್ತ ಅವರ ಕೈಕೆಳಗಿನ ಭಾರತೀಯರ ಸೈನ್ಯ, ಆ ಕಡೆ ಜಪಾನಿಯರು, ನಡುವ ಕೈಬಾಂಬು ಎಸೆಯೋವಷ್ಟೇ ಅಂತರ. ಕೋರ್ಟಿನ ಗೆರೆಗಳನ್ನ ಬಿಳಿ ಕಾಂಕ್ರೀಟಿನಾಗ ಹಾಂಗೇ ಉಳಿಸ್ಯಾರ. ಸುತ್ತ ಮೆಟ್ಟಿಲು ಮೆಟ್ಟಿಲಾಗಿ 1,420 ಸಮಾಧಿ. ಗುರುತು ಸಿಕ್ಕವರಿಗೆಲ್ಲ ಕಂಚಿನ ಫಲಕದ ಮ್ಯಾಲ ಹೆಸರು. ಆಫೀಸರಿಗೂ ಸಿಪಾಯಿಗೂ ಒಂದೇ ಅಳತಿ. ಎಲ್ಲಕ್ಕೂ ಎತ್ತರದ ಜಾಗದಾಗ, ದಹನ ಮಾಡಿದ ಹಿಂದೂ, ಸಿಖ್ ಸೈನಿಕರ ಸ್ಮಾರಕ. 917 ಹೆಸರು. ಜಾಗ ಸಾಲೇದ.

ಇದನ್ನ ನೋಡಿಕೊಳ್ಳೋ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನೂ ಪುಣ್ಯಕೋಟಿ ಏನಲ್ಲ. 1917ರಾಗ ಹುಟ್ಟಿ ಎಲ್ಲರೂ ಸಮಾನ ಅಂದದ್ದು, ಮೊದಲ ಮಹಾಯುದ್ಧದಾಗ ಸತ್ತ ಆಫ್ರಿಕಾ, ಏಷ್ಯಾದ ಸಾವಿರಾರು ಮಂದಿಗೆ ಹೆಸರೇ ಕೊಡಲಿಲ್ಲ. ಆದರ 2021ರಾಗ ತಪ್ಪಾತು ಅಂತ ಕ್ಷಮೆ ಕೇಳ್ತು. ನಮ್ಮಲ್ಲಿ ಅಷ್ಟಾದರೂ ಯಾರು ಕೇಳ್ಯಾರ?

‘ಅದು ಬ್ರಿಟಿಷರ ಯುದ್ಧ, ಅವರ ಸಲುವಾಗಿ ಸತ್ತವರನ್ನ ನಾವ್ಯಾಕ ನೆನೀಬೇಕು’ ಅಂತ ಯಾರಾದರೂ ಬರೋದು ಗೊತ್ತದ. ಆತು, ಬಿಡ್ರಿ. ಎದುರು ಪಾಳ್ಯದಾಗ, ಜಪಾನಿಯರ ಜೋಡಿ, ನೇತಾಜಿಯ ಆಜಾದ್ ಹಿಂದ್ ಫೌಜಿನ (ಐಎನ್‌ಎ) ನಮ್ಮವರೂ ಇದ್ದರು. ಅವರ ಹೆಸರು ಹೇಳ್ರಿ ನೋಡೋಣ, ನಾಕೇ ನಾಕು. ನೇತಾಜಿನ ಬಿಟ್ಟು.

ಇಂಗ್ಲಿಷರು ಬಂದು ಕಲಿಸಬೇಕಾದ ವಿದ್ಯೆನೂ ಅಲ್ಲ ಇದು. ತುರು, ಅಂದರ ಕಳುವಾದ ದನ, ಬಿಡಿಸಲಿಕ್ಕೆ ಹೋಗಿ ಸತ್ತ ಆಳಿಗೂ ವೀರಗಲ್ಲು ಹಾಕಿಸಿದ ನಾಡು ನಮ್ಮದು. ಕೆಳಗ ಕಾಳಗ, ನಡುವ ಅವನನ್ನ ಒಯ್ಯೋ ಅಪ್ಸರೆಯರು, ಮ್ಯಾಲ ಲಿಂಗದ ಮುಂದ ಅವನು. ಶಾಸನ ಇದ್ದರ ಅದರಾಗ ಯಾರ ಮಗ, ಏನು ಮಾಡಿ ಸತ್ತ ಅನ್ನೋದೂ ಬರೆದಿರ್ತಾರ. ಈಗ ಅದೇ ಕಲ್ಲಿನ ಮ್ಯಾಲ ಬಟ್ಟಿ ಒಗೀತೀವಿ. ಭಕ್ತಿ ಜಾಸ್ತಿ ಆದರ ಆಯಿಲ್ ಪೇಂಟ್.

ನನ್ನ ಸಿಟ್ಟಿಗೆ ಇನ್ನೊಂದು ಕಾರಣ ಅದ, ಹೇಳೇ ಬಿಡ್ತೀನಿ. ನಮ್ಮ ಮುತ್ಯಾನ ಅಣ್ಣ ನಿಜಾಮನ ಕಾಲದಾಗ ಫೌಜಿಗೆ ಹೋದವ, ಹೊಳ್ಳಿ ಬರಲಿಲ್ಲ. ಮನ್ಯಾಗ ಎಲ್ಲರೂ ‘ಫೌಜಿ ಮುತ್ಯಾ’ ಅಂತಾರ. ಖರೇ ಹೆಸರು ಒಬ್ಬರಿಗೂ ಗೊತ್ತಿಲ್ಲ. ಯಾವ ಯುದ್ಧದಾಗ ಹೋದನೋ ಏನೋ. ಯಾವುದೋ ದೇಶದ ಗ್ವಾಡಿ ಮ್ಯಾಲ ಅವನ ಹೆಸರು ಇದ್ದರೂ ಏನಂತ ಹುಡುಕಲಿ?

ನಿಮ್ಮ ಕಡೆ ಹಿಂಗ ಹೋಗಿ ಬಾರದವರು ಇದ್ದರ ಕೆಳಗ ಬರೀರಿ. ಹೆಸರು, ಊರು, ನೆನಪಿದ್ದರ ಇಸವಿ. ಬರೇ ‘ಜೈ ಹಿಂದ್’ ಅಂತ ಹಾಕಿ ಹೋಗಬ್ಯಾಡ್ರಿ.