ಹೆಲ್ಮೆಟ್ ಇಲ್ಲದ ಸೈಕಲ್ಲಿಗೆ ಶಾಲೆಯ ಗೇಟು ಮುಚ್ಚಬೇಡಿ

ನಾನು ಸೈಕಲ್ ಹತ್ತುವಾಗ ಹೆಲ್ಮೆಟ್ ಹಾಕುತ್ತೇನೆ. ಕಾಲೇಜಿಗೆ ಪಾಠ ಮಾಡಲು ಹೋಗುವಾಗಲೂ ಅಷ್ಟೇ, ಭಾನುವಾರ ಗೆಳೆಯರ ಜೊತೆ ಮುನಿರಾಬಾದಿನ ಅಣೆಕಟ್ಟೆಯ ಕಡೆ ಹೋಗುವಾಗಲೂ ಅಷ್ಟೇ. "ಸೈಕಲ್ಲಿಗೂ ಹೆಲ್ಮೆಟ್ಟೇ ಸರ್? ಪೊಲೀಸರು ಇದಕ್ಕೂ ಹಿಡಿಯುತ್ತಾರೆಯೇ?" ಎಂದು ಚಹಾದ ಅಂಗಡಿಯಲ್ಲಿ ಕೇಳುವವರಿದ್ದಾರೆ. ನಾನೂ ನಕ್ಕು ಚಹಾ ಕುಡಿಯುತ್ತೇನೆ. ಇದನ್ನು ಮೊದಲೇ ಹೇಳಿಬಿಡುವುದಕ್ಕೆ ಕಾರಣವಿದೆ. ಮುಂದೆ ಬರೆದಿರುವುದನ್ನು ಅರ್ಧ ಓದಿ "ಈ ಮೇಷ್ಟ್ರು ಹೆಲ್ಮೆಟ್ ಬೇಡ ಎನ್ನುತ್ತಿದ್ದಾರೆ" ಎಂದು ಹಂಚಿಕೊಳ್ಳುವ ಉತ್ಸಾಹಿಗಳು ನಮ್ಮ ಕೊಪ್ಪಳದಲ್ಲಿ ಬೇಕಾದಷ್ಟು ಇದ್ದಾರೆ.

ಮೊನ್ನೆ ನಮ್ಮ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಪೋಷಕರ ಸಭೆ ನಡೆಯಿತು. ನನ್ನ ಮಗಳೂ ಅಲ್ಲೇ ಓದುವುದರಿಂದ ಹೋಗಿದ್ದೆ. ಶೌಚಾಲಯದ ನೀರು, ಸಮವಸ್ತ್ರದ ಅಳತೆ ಎಲ್ಲ ಮುಗಿದ ಮೇಲೆ ಒಬ್ಬ ಹಿರಿಯರು ಎದ್ದು ನಿಂತು, ಮುಂದಿನ ವರ್ಷದಿಂದ ಹೆಲ್ಮೆಟ್ ಇಲ್ಲದೆ ಸೈಕಲ್ಲಿನಲ್ಲಿ ಬರುವ ಮಕ್ಕಳನ್ನು ಗೇಟಿನೊಳಗೆ ಬಿಡಬಾರದು ಎಂಬ ಸಲಹೆ ಇಟ್ಟರು. ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿದ್ದವರ ಮಕ್ಕಳೆಲ್ಲ ಸ್ಕೂಟಿಯಲ್ಲೋ ವ್ಯಾನಿನಲ್ಲೋ ಬರುವವರು ಎಂಬುದನ್ನು ಇಲ್ಲಿ ಸುಮ್ಮನೆ ದಾಖಲಿಸುತ್ತೇನೆ.

ಹಿಂದಿನ ಬೆಂಚಿನಿಂದ ಒಬ್ಬ ತಾಯಿ ಕುಳಿತಲ್ಲಿಂದಲೇ ಹೇಳಿದರು: "ಸರ್, ನಮ್ಮ ಮನೆಯಲ್ಲಿ ಇಬ್ಬರು ಹುಡುಗಿಯರು, ಒಂದೇ ಸೈಕಲ್ಲು. ದೊಡ್ಡವಳು ತುಳಿಯುತ್ತಾಳೆ, ಸಣ್ಣವಳು ಕ್ಯಾರಿಯರ್ ಮೇಲೆ ಕೂರುತ್ತಾಳೆ. ಎರಡು ಹೆಲ್ಮೆಟ್ ತಂದುಕೊಡಿ ಎಂದರೆ ಇವರ ಅಪ್ಪ ಸೈಕಲ್ಲೂ ಬೇಡ, ಸಾಲಿಯೂ ಬೇಡ, ಮನೆಯಲ್ಲಿರಲಿ ಎನ್ನುತ್ತಾರೆ." ಯಾರೂ ಮಾತನಾಡಲಿಲ್ಲ. "ನೋಡೋಣ ಬಿಡವ್ವಾ" ಎಂದರು ಅಧ್ಯಕ್ಷರು. ವಿಷಯ ಮುಂದಿನ ಸಭೆಗೆ ಹೋಯಿತು. ಮುಂದಿನ ಸಭೆಗೆ ಆ ತಾಯಿ ಕೂಲಿ ಬಿಟ್ಟು ಬರುತ್ತಾರೋ ಇಲ್ಲವೋ ಗೊತ್ತಿಲ್ಲ, ಆದ್ದರಿಂದ ನಾನು ಬರೆಯುತ್ತಿದ್ದೇನೆ.

2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಹುಡುಗಿಯರಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿದ್ದನ್ನು ನೆನಪು ಮಾಡಿಕೊಳ್ಳಿ. ಆಮೇಲೆ ಹುಡುಗರಿಗೂ ಬಂತು. ಆ ಸೈಕಲ್ಲುಗಳ ಗುಣಮಟ್ಟದ ಬಗ್ಗೆ ನಾವೆಲ್ಲ ಸಾಕಷ್ಟು ಬೈದಿದ್ದೇವೆ. ಕೊಟ್ಟ ತಿಂಗಳಿಗೇ ಚೈನು ಕಳಚುತ್ತಿತ್ತು, ಬ್ರೇಕ್ ರಬ್ಬರ್ ಸವೆಯುತ್ತಿತ್ತು. ಆದರೂ ಏಳನೇ ತರಗತಿಗೆ ಊರಿನ ಶಾಲೆ ಮುಗಿಯಿತು, ಹೈಸ್ಕೂಲು ದೂರ, ಇನ್ನು ಇವಳು ಮನೆಗೆಲಸಕ್ಕೆ ಎನ್ನುತ್ತಿದ್ದ ಮನೆಗಳಿಂದ ಹುಡುಗಿಯರು ಸಾಲುಸಾಲಾಗಿ ಹೊರಬಂದದ್ದು ಆ ಬಡಕಲು ಸೈಕಲ್ಲಿನ ಮೇಲೆಯೇ. ಬಸ್ಸಿಗೆ ಕಾಯಬೇಕಿಲ್ಲ, ಯಾರ ಟಂಟಂನಲ್ಲೂ ತುರುಕಿಕೊಳ್ಳಬೇಕಿಲ್ಲ. ಕೋವಿಡ್ ಬಂದಾಗಿನಿಂದ ಆ ಯೋಜನೆಯೂ ನಿಂತಿತು. ಈಗ ಇರುವ ಸೈಕಲ್ಲು ಅಕ್ಕನಿಂದ ತಂಗಿಗೆ ಬಂದದ್ದು. ಅದರ ಮುಂದೆ ಇನ್ನೊಂದು ಗೇಟು ನಿಲ್ಲಿಸುವ ಮೊದಲು ಎರಡು ಸಲ ಯೋಚಿಸಬೇಕು.

ಹಾಗಾದರೆ ಹೆಲ್ಮೆಟ್ಟಿನಿಂದ ಪ್ರಯೋಜನವಿಲ್ಲವೇ? ಖಂಡಿತ ಇದೆ. ನಾನು ಭೌತಶಾಸ್ತ್ರದ ಮೇಷ್ಟ್ರು, ಸ್ವಲ್ಪ ಪಾಠ ಮಾಡುತ್ತೇನೆ, ಸಹಿಸಿಕೊಳ್ಳಿ. ಸೈಕಲ್ ಹೆಲ್ಮೆಟ್ಟಿನ ಒಳಗಿರುವುದು ಥರ್ಮೋಕೋಲ್, ಹೊಸ ಟಿವಿಯ ಪೆಟ್ಟಿಗೆಯಲ್ಲಿ ಬರುತ್ತದಲ್ಲ, ಅದೇ ಜಾತಿಯದು, ಸ್ವಲ್ಪ ಗಟ್ಟಿ. ಬರಿತಲೆ ಡಾಂಬರಿಗೆ ಬಡಿದರೆ ಅದರ ವೇಗ ಕಣ್ಣಿಗೆ ಕಾಣದಷ್ಟು ಕಡಿಮೆ ದೂರದಲ್ಲಿ ಸೊನ್ನೆಯಾಗುತ್ತದೆ. ನಡುವೆ ಈ ಥರ್ಮೋಕೋಲ್ ಇದ್ದರೆ ಅದು ಜಜ್ಜಿಹೋಗುತ್ತ ಹೋಗುತ್ತ ತಲೆ ನಿಲ್ಲುವುದಕ್ಕೆ ಒಂದೆರಡು ಸೆಂಟಿಮೀಟರ್ ಜಾಗ ಕೊಡುತ್ತದೆ. ನಿಲ್ಲುವ ದೂರ ಹೆಚ್ಚಾದಷ್ಟೂ ತಲೆಬುರುಡೆಯ ಮೇಲೆ ಬೀಳುವ ಬಲ ಕಡಿಮೆ. ಹೆಲ್ಮೆಟ್ ಮುರಿಯುವುದೇ ಅದರ ಕೆಲಸ. ಬಿದ್ದಾಗ ಒಡೆಯಿತು, ಕಳಪೆ ಮಾಲು ಎಂದು ಅಂಗಡಿಯವನ ಜೊತೆ ಜಗಳಕ್ಕೆ ಹೋದವರನ್ನು ಕಂಡಿದ್ದೇನೆ. ಆ ಹೆಲ್ಮೆಟ್ ತನ್ನ ಕೂಲಿ ತೀರಿಸಿ ಸತ್ತಿತ್ತು.

ಲೆಕ್ಕವೂ ಇದೆ. ಸೈಕಲ್ ಅಪಘಾತಗಳಲ್ಲಿ ಗಾಯಗೊಂಡ 64,000ಕ್ಕೂ ಹೆಚ್ಚು ಜನರ ಮಾಹಿತಿಯನ್ನು, ನಲವತ್ತು ಬೇರೆಬೇರೆ ಅಧ್ಯಯನಗಳಿಂದ ಒಟ್ಟುಗೂಡಿಸಿ ಆಸ್ಟ್ರೇಲಿಯಾದ ಸಂಶೋಧಕರು 2016ರಲ್ಲಿ ಪ್ರಕಟಿಸಿದರು. ಅದರ ಪ್ರಕಾರ ಹೆಲ್ಮೆಟ್ ಧರಿಸಿದವರಲ್ಲಿ ತಲೆಗೆ ಪೆಟ್ಟಾಗುವ ಸಂಭವ ಅರ್ಧದಷ್ಟು ಕಡಿಮೆ, ಗಂಭೀರ ಪೆಟ್ಟಿನ ಸಂಭವ ಶೇ 69ರಷ್ಟು ಕಡಿಮೆ. ಆದ್ದರಿಂದ "ನಾವೆಲ್ಲ ಒಳಪೆಡಲು ಹೊಡೆದು ಕಲಿತವರು, ನಮಗೇನಾಯಿತು" ಎನ್ನುವ ವಾದ ನನ್ನ ಮುಂದೆ ನಡೆಯುವುದಿಲ್ಲ. ಆಗ ಇದೇ ರಸ್ತೆಯಲ್ಲಿ ಗಂಟೆಗೊಂದು ಲಾರಿ ಬಂದರೆ ನಾವು ನಿಂತು ನೋಡುತ್ತಿದ್ದೆವು.

ಅದು ಎಲ್ಲಿ ಕೆಲಸ ಮಾಡುತ್ತದೆ ಎಂಬುದನ್ನು ಮಾತ್ರ ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ಗಂಗಾವತಿ, ಕಾರಟಗಿ ಕಡೆ ಸುಗ್ಗಿಯಲ್ಲಿ ಹೋದವರಿಗೆ ಗೊತ್ತು. ಅರ್ಧ ರಸ್ತೆಗೆ ಭತ್ತ ಹರವಿರುತ್ತಾರೆ, ಅಂಚಿಗೆ ತಲೆಗಾತ್ರದ ಕಲ್ಲುಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಕಾಳಿನ ಮೇಲೆ ಮುಂದಿನ ಗಾಲಿ ಏರಿತೆಂದರೆ ಹ್ಯಾಂಡಲ್ ನಮ್ಮ ಮಾತು ಕೇಳುವುದಿಲ್ಲ. ಸಂಜೆ ಕಲ್ಲುಗಳು ಕಾಣುವುದೂ ಇಲ್ಲ. ಮಳೆಗಾಲದಲ್ಲಿ ಟ್ರ್ಯಾಕ್ಟರ್ ಗಾಲಿಗೆ ಮೆತ್ತಿಕೊಂಡು ಬಂದ ಎರೆಮಣ್ಣು ಡಾಂಬರಿನ ಮೇಲೆ ಬೆಣ್ಣೆಯಾಗಿರುತ್ತದೆ. ಇವೆಲ್ಲ ನಮ್ಮಷ್ಟಕ್ಕೆ ನಾವು ಬೀಳುವ ಬೀಳುಗಳು, ತಲೆ ಕಲ್ಲಿಗೋ ರಸ್ತೆಗೋ ಬಡಿಯುವಂಥವು. ಹೆಲ್ಮೆಟ್ ತಯಾರಾಗಿರುವುದು ಇಂಥದ್ದಕ್ಕೇ. ಯುರೋಪಿನ ಗುಣಮಟ್ಟ ಪರೀಕ್ಷೆಯಲ್ಲಿ ಅದನ್ನು ಸುಮಾರು ಒಂದೂವರೆ ಮೀಟರ್ ಎತ್ತರದಿಂದ ಚಪ್ಪಟೆ ಕಬ್ಬಿಣದ ಮೇಲೆ ಬೀಳಿಸುತ್ತಾರೆ. ಪ್ರಥಮ ಪಿಯುಸಿಯ ಸೂತ್ರ ಹಾಕಿ ನೋಡಿದರೆ ಅದು ನೆಲ ಮುಟ್ಟುವಾಗಿನ ವೇಗ ಗಂಟೆಗೆ 19.5 ಕಿಲೋಮೀಟರ್. ಅರವತ್ತರ ವೇಗದಲ್ಲಿ ಬರುವ ಲಾರಿಯ ಲೆಕ್ಕವೇ ಬೇರೆ. ವೇಗ ಮೂರು ಪಟ್ಟಾದರೆ ಶಕ್ತಿ ಒಂಬತ್ತು ಪಟ್ಟು. ಲಾರಿ ಸವರಿಕೊಂಡು ಹೋಗಿ ನಾವು ಪಕ್ಕಕ್ಕೆ ಬಿದ್ದರೆ ಹೆಲ್ಮೆಟ್ ಕಾಪಾಡಬಹುದು. ನೇರವಾಗಿ ಗುದ್ದಿದರೆ ಥರ್ಮೋಕೋಲಿನಿಂದ ಪವಾಡ ನಿರೀಕ್ಷಿಸಬಾರದು.

ನಮ್ಮ ಮಕ್ಕಳ ದಾರಿಯಲ್ಲಿ ಇರುವ ದೊಡ್ಡ ಅಪಾಯ ಈ ಎರಡನೆಯದು. ನಾಲ್ಕು ಪಥದ ಹೆದ್ದಾರಿ ಬಂದ ಮೇಲೆ ಹೊಸಪೇಟೆ ಹತ್ತಿರವಾಯಿತು, ಹುಬ್ಬಳ್ಳಿ ಹತ್ತಿರವಾಯಿತು, ಎದುರಿಗೆ ಕಾಣುವ ಹೈಸ್ಕೂಲು ಮಾತ್ರ ದೂರವಾಯಿತು. ವಿಭಜಕದಲ್ಲಿ ದಾಟಲು ಬಿಟ್ಟ ಜಾಗ ಎಲ್ಲೋ ಇರುತ್ತದೆ, ಹಳ್ಳಿಯ ರಸ್ತೆ ಹೆದ್ದಾರಿ ಸೇರುವುದು ಇನ್ನೆಲ್ಲೋ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಹೋಗಿ ನಿಂತು ನೋಡಿ. ಇಬ್ಬರು ಹುಡುಗಿಯರು ಸೈಕಲ್ಲಿನಿಂದ ಇಳಿಯುತ್ತಾರೆ. ದುಪಟ್ಟಾವನ್ನು ಸೊಂಟಕ್ಕೆ ಬಿಗಿಯುತ್ತಾರೆ. ಗಿಣಿಗೇರಿಯ ಕಾರ್ಖಾನೆಗಳ ಕಡೆ ಹೋಗುವ ಅದಿರಿನ ಲಾರಿಗಳ ನಡುವೆ ಸಂದು ಸಿಗುವವರೆಗೆ ಕಾದು ಮಧ್ಯದವರೆಗೆ ಓಡುತ್ತಾರೆ. ಒಬ್ಬಳು ಮುಂದಿನ ಗಾಲಿ ಹಿಡಿದು, ಇನ್ನೊಬ್ಬಳು ಕ್ಯಾರಿಯರ್ ಹಿಡಿದು, ಬ್ಯಾಗು ಸಮೇತ ಸೈಕಲ್ಲನ್ನು ವಿಭಜಕದ ಮೇಲಿಂದ ಎತ್ತಿ ಆಚೆ ಇಳಿಸುತ್ತಾರೆ. ಮತ್ತೆ ಕಾಯುತ್ತಾರೆ. ಎತ್ತಲಾಗದ ಸಣ್ಣವರು ವಿರುದ್ಧ ದಿಕ್ಕಿನಲ್ಲೇ, ಬಿಳಿಗೆರೆಯ ಆಚೆಯ ಅಂಚಿನಲ್ಲಿ ತುಳಿಯುತ್ತಾರೆ. ಸಂಜೆ ಇದೇ ಕಸರತ್ತು, ಮಬ್ಬುಗತ್ತಲಿನಲ್ಲಿ. ಹಿಂಬದಿ ದೀಪವಿಲ್ಲದೆ ಅಂಚಿನಲ್ಲೇ ನಿಂತ ಲಾರಿಗಳು ಇದಕ್ಕೆ ಸೇರಿಕೊಳ್ಳುತ್ತವೆ.

ಈ ದೃಶ್ಯ ನೋಡಿದವರಿಗೆ ಮೊದಲು ಹೊಳೆಯಬೇಕಾದದ್ದು ಹೆಲ್ಮೆಟ್ಟೇ? ಒಂದು ಕೆಳಸೇತುವೆ, ಎರಡೂ ಬದಿಗೆ ಪೂರ್ತಿಯಾದ ಸರ್ವಿಸ್ ರಸ್ತೆ, ಶಾಲೆಯ ಮುಂದೆ ವೇಗಕ್ಕೆ ಕಡಿವಾಣ. ಇವನ್ನು ಕೇಳಬೇಕಾದ ಜಾಗದಲ್ಲಿ ಕೇಳಲು ನಮಗೆ ಧೈರ್ಯವಿಲ್ಲ. ಹದಿಮೂರು ವರ್ಷದ ಹುಡುಗಿಗೆ ಷರತ್ತು ಹಾಕಲು ಧೈರ್ಯ ಬೇಕಾಗಿಯೇ ಇಲ್ಲ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಸಭೆಯಲ್ಲಿ "ಕಾನೂನೇ ಇದೆ" ಎಂದವರೊಬ್ಬರಿದ್ದರು. ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಹೇಳುವುದು ಮೋಟಾರು ಬೈಕು, ಸ್ಕೂಟರಿನವರಿಗೆ. 2019ರ ತಿದ್ದುಪಡಿಯಲ್ಲಿ ನಾಲ್ಕು ವರ್ಷ ಮೇಲ್ಪಟ್ಟ ಮಕ್ಕಳನ್ನೂ ಸೇರಿಸಿದರು. ಪೆಡಲು ತುಳಿಯುವ ಸೈಕಲ್ಲು ಅದರಲ್ಲಿ ಬರುವುದಿಲ್ಲ. (ಅದೇ ಸಭೆಗೆ ಸ್ಕೂಟಿಯಲ್ಲಿ ಮಗುವನ್ನು ಮುಂದೆ ನಿಲ್ಲಿಸಿಕೊಂಡು ಬಂದವರ ತಲೆಗಳನ್ನು ನಾನು ನೋಡಿದೆ. ಕಾನೂನು ಇರುವ ಕಡೆ ಹೆಲ್ಮೆಟ್ ಇರಲಿಲ್ಲ.)

ಸೈಕಲ್ ಸವಾರರಿಗೆ ಕಡ್ಡಾಯ ಮಾಡಿ ನೋಡಿದ ದೇಶಗಳಿವೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 1990ರಲ್ಲಿ ಮೊದಲು ಮಾಡಿತು, ನ್ಯೂಜಿಲೆಂಡ್ 1994ರಲ್ಲಿ. ವಿಕ್ಟೋರಿಯಾದಲ್ಲಿ ತಲೆಗೆ ಪೆಟ್ಟಾದವರ ಸಂಖ್ಯೆ ಇಳಿಯಿತು. ಅದರ ಜೊತೆಗೇ ಸೈಕಲ್ ತುಳಿಯುವ ಮಕ್ಕಳ, ಅದರಲ್ಲೂ ಹದಿಹರೆಯದವರ ಸಂಖ್ಯೆಯೂ ಇಳಿಯಿತು. ಯಾವುದರಿಂದ ಎಷ್ಟು ಇಳಿಯಿತು ಎಂದು ವಿದ್ವಾಂಸರು ಮೂವತ್ತು ವರ್ಷಗಳಿಂದ ಕಿತ್ತಾಡುತ್ತಿದ್ದಾರೆ. ಮೆಲ್ಬರ್ನಿನ ಹುಡುಗ ಸೈಕಲ್ ಬಿಟ್ಟರೆ ಟ್ರಾಮ್ ಹತ್ತುತ್ತಾನೆ. ನಮ್ಮ ಹುಡುಗಿ ಸೈಕಲ್ ಬಿಟ್ಟರೆ ಹತ್ತಿ ಬಿಡಿಸಲು ಹೋಗುತ್ತಾಳೆ, ಇಲ್ಲವೇ ಮದುವೆಯ ಮಾತು ಶುರುವಾಗುತ್ತದೆ. ಕಡ್ಡಾಯ ಮಾಡಿದರೆ ಮಕ್ಕಳು ಸೈಕಲ್ಲನ್ನೇ ಬಿಡುತ್ತಾರೆ ಎಂಬ ವಾದದ ತೂಕ ಇಲ್ಲಿಗೆ ಬಂದರೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ನೆದರ್ಲೆಂಡ್ಸ್ ಬೇರೆ ದಾರಿ ಹಿಡಿಯಿತು. 1971ರ ಒಂದೇ ವರ್ಷ ಅಲ್ಲಿ ರಸ್ತೆಗಳಲ್ಲಿ ಸತ್ತವರು ಮೂರು ಸಾವಿರಕ್ಕೂ ಹೆಚ್ಚು, ಅವರಲ್ಲಿ ಮಕ್ಕಳೇ ನಾನೂರಕ್ಕೂ ಹೆಚ್ಚು. ತಂದೆತಾಯಿಗಳು ಬೀದಿಗಿಳಿದರು. ಮಕ್ಕಳ ಕೊಲೆ ನಿಲ್ಲಿಸಿ ಎಂಬುದೇ ಆ ಚಳವಳಿಯ ಹೆಸರು. ಅಪಘಾತ ಎನ್ನಲಿಲ್ಲ, ಕೊಲೆ ಎಂದರು. ಸೈಕಲ್ಲಿಗೆ ಪ್ರತ್ಯೇಕ ದಾರಿ, ವಸತಿ ಬೀದಿಗಳಲ್ಲಿ ಮೋಟಾರುಗಳಿಗೆ ಲಗಾಮು, ಹೀಗೆ ಒಂದೊಂದಾಗಿ ಪಡೆದರು. ಇವತ್ತು ಅಲ್ಲಿ ದಿನನಿತ್ಯ ತುಳಿಯುವವರು ಬಹುಪಾಲು ಬರಿತಲೆಯವರೇ. ಕೊಪ್ಪಳವನ್ನು ಆಮ್‌ಸ್ಟರ್‌ಡ್ಯಾಮ್ ಮಾಡಿ ಎಂದು ನಾನು ಕೇಳುತ್ತಿಲ್ಲ. ಅವರು ಯಾರ ಮೇಲೆ ಸಿಟ್ಟು ಮಾಡಿದರು ಎಂಬುದನ್ನು ಗಮನಿಸಿ ಎನ್ನುತ್ತಿದ್ದೇನೆ.

ಇನ್ನೊಂದು ಮಾತನ್ನು ವಕೀಲಿ ಮಾಡುವ ಗೆಳೆಯನೊಬ್ಬ ಹೇಳಿದ. ಅಪಘಾತ ಪರಿಹಾರದ ಪ್ರಕರಣಗಳಲ್ಲಿ, ಪೆಟ್ಟು ತಿಂದವನದೂ ಅರ್ಧ ತಪ್ಪಿದೆ ಎಂದು ಸಾಧಿಸಲು ವಿಮೆಯವರು ಸದಾ ನೋಡುತ್ತಿರುತ್ತಾರೆ. ಶಾಲೆಯೇ ಹೆಲ್ಮೆಟ್ ಕಡ್ಡಾಯ ಮಾಡಿತ್ತು, ಆದರೂ ಈ ಮಗು ಹಾಕಿರಲಿಲ್ಲ ಎಂಬ ಒಂದು ಹಾಳೆ ಸಿಕ್ಕರೆ ಅದನ್ನು ಬಿಡುವರೇ? ಹಿಂಬದಿ ದೀಪವಿಲ್ಲದ ಲಾರಿಯವನ ತಪ್ಪಿನಲ್ಲಿ ಒಂದು ಪಾಲನ್ನು ನಾವೇ ಬರೆದು, ಸೀಲು ಹಾಕಿ, ಮಗುವಿನ ಚೀಲದಲ್ಲಿ ಇಟ್ಟು ಕಳುಹಿಸಿದಂತಾಗುತ್ತದೆ.

ಬಿಸಿಲಿನ ಮಾತು ಬಂದೇ ಬರುತ್ತದೆ. ಏಪ್ರಿಲ್, ಮೇ ತಿಂಗಳ ನಮ್ಮ ನಲವತ್ತು ಡಿಗ್ರಿಯಲ್ಲಿ ಹೆಲ್ಮೆಟ್ ಯಾರಿಗೆ ಬೇಕು ಎನ್ನುವವರನ್ನು ನಾನು ಸೋಮಾರಿಗಳು ಎನ್ನಲಾರೆ. ಜಗತ್ತಿನ ಅತಿ ದೊಡ್ಡ ಸೈಕಲ್ ಪಟುಗಳೇ 1991ರಲ್ಲಿ ಪ್ಯಾರಿಸ್–ನೀಸ್ ಸ್ಪರ್ಧೆಯಲ್ಲಿ ಹೆಲ್ಮೆಟ್ ನಿಯಮದ ವಿರುದ್ಧ ಮುಷ್ಕರ ಹೂಡಿ ಅದನ್ನು ಹಿಂತೆಗೆಸಿದ್ದರು. 2003ರಲ್ಲಿ ಅದೇ ಸ್ಪರ್ಧೆಯಲ್ಲಿ ಕಜಕಿಸ್ತಾನದ ಆಂದ್ರೇ ಕಿವಿಲೆವ್ ಬರಿತಲೆಯಲ್ಲಿ ಬಿದ್ದು ಸತ್ತ ಮೇಲಷ್ಟೇ ನಿಯಮ ಗಟ್ಟಿಯಾಯಿತು. ಆಗಲೂ ಕೊನೆಯ ಏರಿನಲ್ಲಿ ತೆಗೆಯಬಹುದು ಎಂಬ ರಿಯಾಯಿತಿ ಕೆಲಕಾಲ ಇತ್ತು. ಹೊಲಕ್ಕೆ ಹೋಗುವ ಎಪ್ಪತ್ತರ ಅಜ್ಜ ರುಮಾಲು ತೆಗೆದು ಪ್ಲಾಸ್ಟಿಕ್ ಬುಟ್ಟಿ ಹೊತ್ತುಕೊಳ್ಳಲಿ ಎಂದು ನಾನಂತೂ ಹೇಳುವುದಿಲ್ಲ. ಅವರು ಹೋಗುವ ವೇಗಕ್ಕೆ, ಹೋಗುವ ದಾರಿಗೆ, ಆ ನಿರ್ಧಾರ ಅವರದೇ.

ನನ್ನ ಮಗಳಿಗೆ ಮಾತ್ರ ಆಯ್ಕೆ ಕೊಟ್ಟಿಲ್ಲ. ಅವಳು ಹಾಕಿಕೊಂಡೇ ಹೋಗಬೇಕು. ಜಡೆ ಕೆಡುತ್ತದೆ ಎಂಬ ಜಗಳ ವಾರಕ್ಕೊಮ್ಮೆ ಇದ್ದೇ ಇರುತ್ತದೆ. ಇದು ಹೆಲ್ಮೆಟ್ ಕೊಳ್ಳಲು ದುಡ್ಡಿರುವ ಅಪ್ಪ ತನ್ನ ಮನೆಯಲ್ಲಿ ಹಾಕಿದ ನಿಯಮ. ಅದನ್ನು ಗೇಟಿನ ಮೇಲೆ ಬರೆಯಲು ನನಗೆ ಹಕ್ಕಿಲ್ಲ.

ಹಾಗಾಗಿ ಮುಂದಿನ ಸಭೆಯಲ್ಲಿ ನಾನು ಕೇಳುವುದು ಇಷ್ಟು. ಚಪ್ಪಾಳೆ ತಟ್ಟಿದವರು ಮತ್ತು ಹಳೆಯ ವಿದ್ಯಾರ್ಥಿಗಳು ಸೇರಿ, ಹೆದ್ದಾರಿ ದಾಟಿ ಬರುವ ಮಕ್ಕಳಿಗೆ ಹೆಲ್ಮೆಟ್ ಕೊಡಿಸೋಣ. ಹಾಕಿಕೊಳ್ಳುವುದನ್ನು ಕಲಿಸೋಣ, ಹಾಕದವರನ್ನು ಹೊರಗೆ ನಿಲ್ಲಿಸುವುದು ಬೇಡ. ಅದಕ್ಕೂ ಮೊದಲು ಎಲ್ಲ ಸೈಕಲ್ಲುಗಳ ಹಿಂದೆ ಹೊಳೆಯುವ ಪಟ್ಟಿ ಅಂಟಿಸೋಣ, ಬ್ರೇಕ್ ರಬ್ಬರ್ ಬದಲಿಸೋಣ. ಒಬ್ಬ ಸೈಕಲ್ ಮೇಸ್ತ್ರಿಯನ್ನು ಒಂದು ಶನಿವಾರ ಶಾಲೆಗೆ ಕರೆಸಿದರೆ ಮುಗಿಯುವ ಕೆಲಸ. ಕೆಳಸೇತುವೆಯ ಮನವಿಗೆ ಎಲ್ಲ ಪೋಷಕರ ಸಹಿ ಬೇಕು, ಕರಡು ನಾನು ಬರೆಯುತ್ತೇನೆ.

ಯಾವುದನ್ನು ಕೊಳ್ಳಬೇಕು ಎಂದು ಕೆಲವರು ಕೇಳಿದ್ದಾರೆ. ಅಪ್ಪನ ಬೈಕಿನ ಹೆಲ್ಮೆಟ್ಟನ್ನು ಮಗುವಿಗೆ ಹಾಕಬೇಡಿ. ಭಾರ, ಸಡಿಲ, ಹಿಂದಿನ ಹಾರನ್ನು ಕೇಳಿಸುವುದೂ ಕಷ್ಟ. ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಗಾಳಿ ಕಿಂಡಿಗಳಿರುವ ಸೈಕಲ್ ಹೆಲ್ಮೆಟ್ ಬರುತ್ತದೆ. ಅದು ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು. ನಮ್ಮ ಹುಡುಗರು ಹಣೆ ಪೂರ್ತಿ ಬಿಟ್ಟು ಹಿಂದಕ್ಕೆ ಜಾರಿಸಿಕೊಳ್ಳುತ್ತಾರೆ, ಮುಂದಕ್ಕೆ ಬಿದ್ದರೆ ಹಣೆಯೇ ಮೊದಲು ನೆಲ ಮುಟ್ಟುತ್ತದೆ. ಗದ್ದದ ಪಟ್ಟಿಯ ಒಳಗೆ ಒಂದೆರಡು ಬೆರಳು ಹೋಗುವಷ್ಟು ಮಾತ್ರ ಸಡಿಲ ಇರಲಿ. ಒಮ್ಮೆ ಬಿದ್ದು ಪೆಟ್ಟು ತಿಂದದ್ದನ್ನು, ಹೊರಗೆ ಚೆನ್ನಾಗಿ ಕಂಡರೂ, ತಮ್ಮನಿಗೆ ದಾಟಿಸಬೇಡಿ. ಒಳಗೆ ಜಜ್ಜಿದ ಥರ್ಮೋಕೋಲ್ ಮತ್ತೆ ಉಬ್ಬುವುದಿಲ್ಲ. ಮಕ್ಕಳ ಅಳತೆಯದು ಕೊಪ್ಪಳದ ಯಾವುದಾದರೂ ಅಂಗಡಿಯಲ್ಲಿ ಸಿಗುತ್ತಿದ್ದರೆ ತಿಳಿಸಿ. ಮಗಳದನ್ನು ನಾನು ಹುಬ್ಬಳ್ಳಿಯಿಂದ ತರಿಸಿದೆ, ಒಟ್ಟಿಗೆ ಐವತ್ತು ಬೇಕೆಂದರೆ ಇಲ್ಲಿಯವರೇ ಬೆಲೆ ಇಳಿಸಬಹುದು.