ಉಬ್ಬರ ನೋಡಿ ಗ್ರಂಥಾಲಯದ ಬಾಗಿಲು ತೆರೆಯಬಾರದೇ?

ಜೂನ್‌ನಲ್ಲಿ ಊರಿಗೆ ಹೋದಾಗಲೆಲ್ಲ ಉತ್ತರ ಕನ್ನಡದ ತದಡಿ ಬಂದರಿಗೆ ಒಮ್ಮೆ ಹೋಗಿ ಬರುವುದು ನನ್ನ ರೂಢಿ. ಆಗ ಬೋಟುಗಳೆಲ್ಲ ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಮೀನು ಮೊಟ್ಟೆಯಿಡುವ ಕಾಲವೆಂದು ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ನಾಡದೋಣಿಯವರು ಮಾತ್ರ ಕಡಲು ನೋಡಿಕೊಂಡು ಇಳಿಯುತ್ತಾರೆ. ಉಳಿದವರು ತಗಡಿನ ಚಪ್ಪರದಡಿ ಬಲೆ ಹರವಿಕೊಂಡು, ಹರಿದ ಕಣ್ಣುಗಳನ್ನು ಒಂದೊಂದಾಗಿ ಕಟ್ಟುತ್ತ ಕೂತಿರುತ್ತಾರೆ. ಹೊರಗೆ ಮಳೆ. ಒಳಗೆ ಹತ್ತು ಹನ್ನೆರಡು ಜನ, ಕೈಗೆ ಕೆಲಸ, ಕಿವಿಗೆ ಬಿಡುವು.

ಈ ಸಲ ಅವರ ನಡುವೆ ಕೂತಾಗ ನನಗೆ ಕಣ್ಣೂರಿನ ಬೀಡಿ ಕಾರ್ಮಿಕರು ನೆನಪಾದರು.

ನಾನು ಹನ್ನೊಂದು ವರ್ಷದಿಂದ ಕೇರಳದ ಪಯ್ಯನ್ನೂರಿನಲ್ಲಿದ್ದೇನೆ. ನಮ್ಮ ಅಂಕೋಲೆಯ ಹಾಗೆ 1930ರಲ್ಲಿ ಉಪ್ಪು ಮಾಡಿದ ಊರು ಅದು. ಕೆಲಸಕ್ಕೆಂದು ಹೋದ ಮೊದಲ ವಾರ, ಬಾಡಿಗೆ ಮನೆಯ ಯಜಮಾನರು ಬಾವಿ ತೋರಿಸಿದರು, ಅಂಗಡಿ ತೋರಿಸಿದರು, ಮೂರನೆಯದಾಗಿ ವಾಯನಶಾಲೆ, ಅಂದರೆ ಊರ ಗ್ರಂಥಾಲಯ ತೋರಿಸಿದರು. ಬೀಡಿ ಕಾರ್ಮಿಕರ ಕತೆ ಹೇಳಿದವರೂ ಅವರೇ. ಅವರ ತಂದೆ ಬೀಡಿ ಕಟ್ಟುತ್ತಿದ್ದವರು. ಕಣ್ಣೂರಿನ ಕಡೆಯ ಬೀಡಿ ಕೆಲಸದ ಜಾಗಗಳಲ್ಲಿ ಒಬ್ಬರು ಗಟ್ಟಿಯಾಗಿ ಪತ್ರಿಕೆ ಓದುವುದು, ಉಳಿದವರು ಎಲೆ ಸುತ್ತುತ್ತ ಕೇಳುವುದು ವಾಡಿಕೆಯಾಗಿತ್ತು. ಓದುವವನ ಆ ಹೊತ್ತಿನ ಕೂಲಿ ಹೋಗಬಾರದೆಂದು ಉಳಿದವರು ಅವನ ಪಾಲಿನ ಬೀಡಿ ಕಟ್ಟಿಕೊಡುತ್ತಿದ್ದರಂತೆ. ಬೆಳಿಗ್ಗೆ ಪತ್ರಿಕೆ, ಮಧ್ಯಾಹ್ನ ಕಾದಂಬರಿ. 1969ರಲ್ಲಿ ಕಣ್ಣೂರಿನಲ್ಲಿ ದಿನೇಶ್ ಬೀಡಿ ಸಹಕಾರಿ ಸಂಘ ಹುಟ್ಟಿದ ಮೇಲೂ ಈ ಓದು ಮುಂದುವರಿಯಿತು. ಶಾಲೆಯ ಮೆಟ್ಟಿಲು ಹತ್ತಿದ್ದು ಎರಡೇ ವರ್ಷವಾದರೂ ತಂದೆ ದೇಶ ವಿದೇಶದ ಸುದ್ದಿಯನ್ನೆಲ್ಲ ಬಾಯಿಪಾಠ ಹೇಳುತ್ತಿದ್ದರು ಎಂದು ಯಜಮಾನರು ಇವತ್ತಿಗೂ ಅಭಿಮಾನದಿಂದ ಹೇಳುತ್ತಾರೆ.

ನಮ್ಮ ಬೀದಿಯ ವಾಯನಶಾಲೆ ದೊಡ್ಡದೇನಲ್ಲ. ಎರಡು ಕೋಣೆ, ಮುಂದೊಂದು ಜಗಲಿ. ಬೆಳಿಗ್ಗೆ ಪತ್ರಿಕೆಗೆಂದು ಒಂದಿಷ್ಟು ಹೊತ್ತು ತೆರೆಯುತ್ತದೆ, ಮತ್ತೆ ಸಂಜೆ ನಾಲ್ಕರ ಮೇಲೆ ತೆರೆದರೆ ಮುಚ್ಚುವುದು ಎಂಟಕ್ಕೆ. ಅಂದರೆ ದುಡಿಯಲು ಹೋದವರು ಮನೆಗೆ ಮರಳಿ, ಕೈಕಾಲು ತೊಳೆದು, ಚಹಾ ಕುಡಿದು ಬರುವ ಹೊತ್ತಿಗೆ ದೀಪ ಉರಿಯುತ್ತಿರುತ್ತದೆ. ಮಕ್ಕಳಿಗೆ ಬಾಲವೇದಿ, ಹೆಂಗಸರಿಗೆ ವನಿತಾವೇದಿ. ಮನೆಬಿಟ್ಟು ಬರಲಾಗದ ಅಜ್ಜಿಯಂದಿರಿಗೆ ಪುಸ್ತಕ ಮನೆಗೇ ಹೋಗುತ್ತದೆ. ಒಬ್ಬ ಹೆಣ್ಣುಮಗಳು ಚೀಲ ಹೆಗಲಿಗೇರಿಸಿಕೊಂಡು ಮನೆಮನೆಗೆ ಹೋಗಿ ಹಳೆಯದನ್ನು ಪಡೆದು ಹೊಸದನ್ನು ಕೊಟ್ಟು ಬರುತ್ತಾಳೆ. ತಿಂಗಳಿಗೊಮ್ಮೆ ಒಂದು ಪುಸ್ತಕದ ಮೇಲೆ ಚರ್ಚೆ. ಮಲಯಾಳಂ ಅಕ್ಷರ ಕೂಡಿಸಿ ಓದಲು ನಾನು ಕಲಿತದ್ದು ಅಲ್ಲಿ, ಬಾಲವೇದಿಯ ಮಕ್ಕಳ ಪಕ್ಕ ಕೂತು. ಆ ಮಕ್ಕಳು ನನ್ನ ತಪ್ಪನ್ನು ಎಷ್ಟು ಅಕ್ಕರೆಯಿಂದ ತಿದ್ದುತ್ತಿದ್ದರೆಂದು ನೆನೆದರೆ ಈಗಲೂ ಮನಸ್ಸು ತುಂಬುತ್ತದೆ.

ಇದೆಲ್ಲ ತಾನಾಗಿ ಆದದ್ದಲ್ಲ. ಪಿ.ಎನ್. ಪಣಿಕ್ಕರ್ ಎಂಬ ಶಾಲಾ ಮಾಸ್ತರರು 1926ರಲ್ಲಿ ತಮ್ಮೂರು ನೀಲಂಪೇರೂರಿನಲ್ಲಿ ಒಂದು ಗ್ರಂಥಾಲಯ ಶುರುಮಾಡಿದರು. 1945ರಲ್ಲಿ 47 ಗ್ರಂಥಾಲಯಗಳನ್ನು ಸೇರಿಸಿ ತಿರುವಾಂಕೂರಿನಲ್ಲಿ ಗ್ರಂಥಶಾಲಾ ಸಂಘ ಕಟ್ಟಿದರು. ‘ವಾಯಿಚ್ಚು ವಳರುಗ’ ಎನ್ನುತ್ತ, ಅಂದರೆ ಓದಿ ಬೆಳೆಯಿರಿ ಎನ್ನುತ್ತ ಹಳ್ಳಿಹಳ್ಳಿ ತಿರುಗಿದರು. ಅವರು ತೀರಿಕೊಂಡ ಜೂನ್ 19 ಅಲ್ಲಿ ಓದಿನ ದಿನ. ಅಂದಿನಿಂದ ಜುಲೈ 7ರವರೆಗೆ ಓದಿನ ಪಕ್ಷಾಚರಣೆ. ಆ ದಿನಗಳಲ್ಲಿ ಅಲ್ಲೂ ಟ್ರಾಲ್ ಬೋಟುಗಳಿಗೆ ರಜೆ, 52 ದಿನ.

ಊರು ಮೊದಲು ಗ್ರಂಥಾಲಯ ಕಟ್ಟಿತು, ಸರಕಾರ ಆಮೇಲೆ ಬಂತು. ವ್ಯತ್ಯಾಸದ ಬೇರು ಇಲ್ಲೇ ಇದೆ ಎಂದು ನನಗೆ ಅನಿಸುತ್ತದೆ. ಕೇರಳದಲ್ಲಿ ಗ್ರಂಥಾಲಯದ ಕಾನೂನು ಬಂದದ್ದು 1989ರಲ್ಲಿ. ನಮ್ಮ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದು, ಅವರಿಗಿಂತ 24 ವರ್ಷ ಹಿರಿಯ. ಅಲ್ಲಿ ಕಟ್ಟಡ ತೆರಿಗೆಯ ಮೇಲೆ ರೂಪಾಯಿಗೆ 5 ಪೈಸೆ ಕರ, ನಮ್ಮಲ್ಲಿ ಆಸ್ತಿ ತೆರಿಗೆಯ ಮೇಲೆ 6 ಪೈಸೆ. ಹಾಗಾಗಿ ನಮ್ಮಲ್ಲಿ ಕಾನೂನಿಲ್ಲ, ಕರವಿಲ್ಲ ಎಂದು ಯಾರೂ ಹೇಳುವಂತಿಲ್ಲ. ಆದರೆ ಅಲ್ಲಿ ಗ್ರಂಥಾಲಯ ನಡೆಸುವುದು ಸದಸ್ಯರೇ ಆರಿಸಿದ ಸಮಿತಿ. ಸರಕಾರ ಅನುದಾನ ಕೊಡುತ್ತದೆ, ತಾಲೂಕಿನಿಂದ ರಾಜ್ಯದವರೆಗಿನ ಗ್ರಂಥಾಲಯ ಪರಿಷತ್ತು ಲೆಕ್ಕ ಕೇಳುತ್ತದೆ. ಬೀಗದ ಕೈ ಮಾತ್ರ ಊರಿನದು. ನಮ್ಮಲ್ಲಿ ಬೀಗ ಇಲಾಖೆಯದು, ಕೈಯೂ ಇಲಾಖೆಯದೇ.

ಹಾಗೆಂದು ನಮ್ಮದನ್ನು ಹೀಗಳೆಯಲು ನಾನು ಬರೆಯುತ್ತಿಲ್ಲ. ಅಘನಾಶಿನಿಯ ದಂಡೆಯ ನಮ್ಮೂರ ಗ್ರಂಥಾಲಯ ನಾನು ಹುಡುಗನಾಗಿದ್ದಾಗ ಪಂಚಾಯಿತಿ ಕಚೇರಿಯ ಹಿಂದಿನ ಒಂದು ಕತ್ತಲೆ ಕೋಣೆ. ಎರಡು ಪತ್ರಿಕೆ, ಒಂದು ಕಬ್ಬಿಣದ ಕಪಾಟು, ಅದರ ಕೀಲಿ ಯಾವಾಗಲೂ ಬೇರೆಲ್ಲೋ. 2019ರಲ್ಲಿ ರಾಜ್ಯದ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಿದ ಮೇಲೆ ಅದರ ಹಣೆಬರಹ ಬದಲಾಯಿತು. ಈಗ ಅದು ಅರಿವು ಕೇಂದ್ರ. ಗೋಡೆಗೆ ಬಣ್ಣ ಬಂದಿದೆ, ಕಿಟಕಿಗೆ ಬೆಳಕು ಬಂದಿದೆ, ಕಂಪ್ಯೂಟರ್ ಇದೆ, ಮಕ್ಕಳ ಎತ್ತರಕ್ಕೆ ಸಿಗುವ ಕಪಾಟಿದೆ. ಕೊರೋನಾ ಕಾಲದಲ್ಲಿ ಶಾಲೆ ಮುಚ್ಚಿದ್ದಾಗ, 2020ರ ನವೆಂಬರ್‌ನಲ್ಲಿ, ‘ಓದುವ ಬೆಳಕು’ ಎಂದು ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಇದು ಸಣ್ಣ ಕೆಲಸವಲ್ಲ. ಸದಸ್ಯತ್ವದ ಕಾರ್ಡು ಕೈಗೆ ಬಂದ ಮಗುವಿಗೆ ಆ ಕೋಣೆಯೊಳಗೆ ಕಾಲಿಡಲು ಯಾರ ಅಪ್ಪಣೆಯೂ ಬೇಡ. ನಮ್ಮ ಕಾಲದಲ್ಲಿ ಬಾಗಿಲಲ್ಲಿ ನಿಂತು ಒಳಗೆ ಯಾರಿದ್ದಾರೆಂದು ಇಣುಕಿ ನೋಡಿಯೇ ಹೋಗಬೇಕಿತ್ತು.

ಅಲ್ಲಿನ ಮೇಲ್ವಿಚಾರಕಿಯನ್ನು ಮಕ್ಕಳು ಅಕ್ಕೋರೆ ಎಂದೇ ಕರೆಯುತ್ತಾರೆ, ಶಾಲೆಯ ಅಕ್ಕೋರನ್ನು ಕರೆದ ಹಾಗೆ. ನಾನು ಹೋದ ದಿನ ಶನಿವಾರ. ಸುಮಾರು ಇಪ್ಪತ್ತು ಮಕ್ಕಳು ಚಾಪೆಯ ಮೇಲೆ ಕೂತಿದ್ದರು. ಅಕ್ಕೋರು ಒಂದು ಆಮೆಯ ಕತೆ ಓದುತ್ತಿದ್ದರು. ಕತೆ ನಡುವೆ ನಿಲ್ಲಿಸಿ, ನಮ್ಮ ಬೇಲೆಯಲ್ಲಿ, ಅಂದರೆ ಕಡಲ ದಂಡೆಯಲ್ಲಿ, ಆಮೆ ಮೊಟ್ಟೆಯಿಡುವುದನ್ನು ಯಾರು ನೋಡಿದ್ದೀರಿ ಎಂದು ಕೇಳಿದರು. ಅಷ್ಟೇ ಸಾಕಾಯಿತು. ಒಬ್ಬೊಬ್ಬರೂ ತಮ್ಮ ಅಜ್ಜ ಕಂಡದ್ದು, ಅಪ್ಪ ಕಂಡದ್ದು ಹೇಳತೊಡಗಿದರು. ಆ ಅರ್ಧ ಗಂಟೆ ನಮ್ಮೂರ ಗ್ರಂಥಾಲಯ ಪಯ್ಯನ್ನೂರಿನ ಯಾವ ವಾಯನಶಾಲೆಗೂ ಕಡಿಮೆಯಿರಲಿಲ್ಲ.

ನನ್ನ ತಕರಾರು ಇರುವುದು ಬಾಗಿಲ ಹೊತ್ತಿನ ಬಗ್ಗೆ. ಸಂಜೆ ಐದೂವರೆಗೆ ಅದು ಮುಚ್ಚಿತು. ಬಲೆ ಚಪ್ಪರದಿಂದ ಜನ ಏಳುವುದು ಆರರ ಮೇಲೆ. ಕುಮಟೆಗೆ ಕೆಲಸಕ್ಕೆ ಹೋದ ಹುಡುಗಿಯರು ಬಸ್ಸಿಳಿಯುವುದು ಆರೂವರೆಗೆ. ಇನ್ನು ಮಳೆಗಾಲ ಮುಗಿದ ಮೇಲೆ ಅಘನಾಶಿನಿಯಲ್ಲಿ ಬಳಚು, ಅಂದರೆ ಚಿಪ್ಪುಮೀನು ಹೆಕ್ಕುವ ಹೆಂಗಸರದ್ದು ಬೇರೆಯದೇ ಪಂಚಾಂಗ. ನೀರು ಇಳಿದಾಗ ಅವರು ಹೊಳೆಯಲ್ಲಿರುತ್ತಾರೆ, ಏರಿದಾಗ ಮನೆಯಲ್ಲಿ. ಇಳಿತದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇವತ್ತು ಹತ್ತಕ್ಕೆ ಹೊಳೆಗಿಳಿದವರು ಮುಂದಿನ ವಾರ ಸಂಜೆ ಇಳಿಯುತ್ತಾರೆ. ಹತ್ತರಿಂದ ಐದೂವರೆ ಎಂದು ಗೋಡೆಯ ಮೇಲೆ ಬರೆದ ಗಡಿಯಾರದ ಲೆಕ್ಕ ಅವರ ಬದುಕಿಗೆ ಹೊಂದುವುದಿಲ್ಲ. ಓದುಗರ ಸಮಯ ಉಳಿಸಬೇಕು ಎಂಬುದು ಗ್ರಂಥಾಲಯದ ಸೂತ್ರಗಳಲ್ಲಿ ಒಂದು ಎಂದು 1931ರಲ್ಲೇ ಹೇಳಿದ ಗ್ರಂಥಾಲಯ ಶಾಸ್ತ್ರಜ್ಞ ಎಸ್.ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲಿ. ಬಳಚು ಹೆಕ್ಕುವ ಹೆಂಗಸಿನ ಸಮಯವೂ ಓದುಗರ ಸಮಯವೇ.

ಈ ಹೊತ್ತನ್ನು ರಾಜಧಾನಿಯಿಂದ ಗೊತ್ತುಮಾಡಲು ಆಗುವುದಿಲ್ಲ. ಶಿರಸಿಯ ಘಟ್ಟದ ಮೇಲೆ ಅಡಿಕೆ ಕೊಯ್ಲಿನ ದಿನಗಳಲ್ಲಿ ಮನೆಮಂದಿಯೆಲ್ಲ ರಾತ್ರಿಯವರೆಗೆ ಅಡಿಕೆ ಸುಲಿಯುತ್ತಾರೆ. ಅಲ್ಲಿನ ಹೊತ್ತೇ ಬೇರೆ, ನಮ್ಮ ಹೊಳೆಸಾಲಿನ ಹೊತ್ತೇ ಬೇರೆ. ಊರವರು ಕೂತು ಹೇಳಬೇಕಾದ ಮಾತು ಅದು.

ಕೇರಳದ ಸಮಿತಿಗಳಲ್ಲೂ ಕೊರತೆಯಿದೆ. ಎಷ್ಟೋ ಕಡೆ ಸಮಿತಿ ಒಂದೇ ಪಕ್ಷದವರ ಕೈಲಿರುತ್ತದೆ, ಆ ಪಕ್ಷಕ್ಕೆ ಸೇರದವರು ಜಗಲಿಯವರೆಗೆ ಬಂದು ಪತ್ರಿಕೆ ಓದಿ ಹೋಗುತ್ತಾರೆ. ನಮ್ಮಲ್ಲಿ ಸಮಿತಿ ಆದರೆ ಪಕ್ಷದ ಜೊತೆಗೆ ಜಾತಿಯೂ ಒಳಗೆ ಬಂದು ಕೂರಬಹುದು ಎಂಬ ಭಯ ನನಗಿದೆ. ಇಲಾಖೆಯ ಕೋಣೆ ಎಂಬ ಕಾರಣಕ್ಕೇ ಇವತ್ತು ಹಾಲಕ್ಕಿಯವರ ಮಗು, ಹರಿಕಂತ್ರರ ಮಗು, ಹವ್ಯಕರ ಮಗು ಒಂದೇ ಚಾಪೆಯ ಮೇಲೆ ಕೂತಿವೆ. ಅದನ್ನು ಕಳೆದುಕೊಂಡು ನಮಗೆ ಯಾವ ಸಮಿತಿಯೂ ಬೇಡ. ಕೋಣೆ, ಪುಸ್ತಕ, ಸಂಬಳ ಸರಕಾರದ್ದೇ ಇರಲಿ, ಹೊತ್ತು ಮತ್ತು ಕಾರ್ಯಕ್ರಮ ಊರಿನದಾಗಲಿ ಎನ್ನುವುದಷ್ಟೇ ನನ್ನ ಆಸೆ.

ಊರೇ ಪುಸ್ತಕ ಕೂಡಿಸುವುದು ನಮ್ಮ ಜಿಲ್ಲೆಗೆ ಹೊಸತಲ್ಲ. ಗೋಕರ್ಣದ ಸ್ಟಡಿ ಸರ್ಕಲ್ ಗ್ರಂಥಾಲಯ ಒಬ್ಬರ ಜೀವಮಾನದ ಹಟದಿಂದ ಬೆಳೆದದ್ದು. ಗಟ್ಟಿಯಾಗಿ ಓದಿ ಕೇಳಿಸುವುದಂತೂ ನಮ್ಮ ರಕ್ತದಲ್ಲೇ ಇದೆ. ಮಳೆಗಾಲಕ್ಕೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮನೆಗಳಲ್ಲಿ, ದೇವಸ್ಥಾನಗಳಲ್ಲಿ ತಾಳಮದ್ದಳೆ ಶುರುವಾಗುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಬರೀ ಮಾತು. ಒಂದು ಪದ್ಯಕ್ಕೆ ಕಾಲು ಗಂಟೆ ಅರ್ಥ ಹೇಳುವವರನ್ನು ಕೇಳಲು ಸುರಿವ ಮಳೆಯಲ್ಲಿ ಕೊಡೆ ಹಿಡಿದು ಬರುವ ಜನ ನಾವು. ಈ ತಾಳಮದ್ದಳೆ ವರ್ಷಕ್ಕೊಮ್ಮೆ ಅರಿವು ಕೇಂದ್ರದ ಚಾಪೆಯ ಮೇಲೂ ಏಕೆ ಆಗಬಾರದು? ಗಜನಿ ಗದ್ದೆಯ ಉಪ್ಪುನೀರಲ್ಲೂ ಬೆಳೆಯುವ ಕಗ್ಗ ಭತ್ತದ ಬೇಸಾಯ ಬಲ್ಲ ಹಿರಿಯರು ಊರಲ್ಲಿ ಇನ್ನು ಕೆಲವರೇ ಉಳಿದಿದ್ದಾರೆ. ಅವರನ್ನು ಒಂದು ಸಂಜೆ ಕರೆದು ಕೂರಿಸಿ, ಮಕ್ಕಳ ಕೈಲಿ ಬರೆಸಿಟ್ಟರೆ ಆ ಕಪಾಟಿಗೆ ಬೇರೆಲ್ಲೂ ಸಿಗದ ಪುಸ್ತಕವೊಂದು ಸೇರುತ್ತದೆ.

ಮರುದಿನ ನಾನು ಪೇಟೆಯಿಂದ ಪತ್ರಿಕೆ ತಂದು ಬಲೆ ಚಪ್ಪರಕ್ಕೆ ಹೋದೆ. ಹಿರಿಯರೊಬ್ಬರ ಮುಂದೆ ಹಿಡಿದರೆ, ‘ಕನ್ನಡಕ ಇಲ್ದೆ ಅಕ್ಷರ ಕಾಂಬುದಿಲ್ಲ ತಮಾ, ನೀನೇ ಓದು’ ಎಂದರು. ಓದಿದೆ. ಮೊದಲು ಹವಾಮಾನ, ಆಮೇಲೆ ಜಿಲ್ಲೆಯ ಪುಟ, ಆಮೇಲೆ ಅವರು ಕೇಳಿದ್ದಕ್ಕೆ ಡೀಸೆಲ್ ದರದ ಸುದ್ದಿ. ಅರ್ಧಕ್ಕೆ ಬಂದಾಗ ಮೊಬೈಲ್ ನೋಡುತ್ತಿದ್ದ ಹುಡುಗನೊಬ್ಬ ಹತ್ತಿರ ಸರಿದು ಕೂತ. ನಾಲ್ಕು ದಿನ ಹೀಗೇ ನಡೆಯಿತು. ಐದನೆಯ ದಿನ ನನಗೆ ನೆಗಡಿಯಾಗಿ ಗಂಟಲು ಕಟ್ಟಿತು, ಆ ಹುಡುಗನೇ ಓದಿದ.

ಹೊರಡುವ ಮುಂಚೆ ಅಕ್ಕೋರ ಹತ್ತಿರ ಸಂಜೆಯ ಮಾತೆತ್ತಿದೆ. ಅವರು ಬೇಡವೆನ್ನಲಿಲ್ಲ. ‘ಎಂಟರವರೆಗೆ ತೆರೆದಿಡಿ ಅಂತ ಹೇಳೂದು ಸುಲಭ. ಮಳೆಗಾಲದಲ್ಲಿ ಗದ್ದೆ ಬದು ಮೇಲೆ ಕತ್ತಲೆಲಿ ನಾ ಒಬ್ಳೇ ಮನೆಗೆ ಹೋಗೂದು ಹ್ಯಾಂಗೆ? ಮಕ್ಕಳಿಗೆ ಅಡುಗೆ ಯಾರು ಮಾಡ್ತಾರೆ?’ ಎಂದರು. ಅವರು ದುಡಿಯುವುದು ಗೌರವಧನಕ್ಕೆ. ಹೊತ್ತು ಹೆಚ್ಚಿಸಿ ಎಂದು ಕೇಳುವ ನಾವು ಆ ಹೊತ್ತಿನ ಭಾರವನ್ನು ಅವರೊಬ್ಬರ ತಲೆಗೆ ಹೊರಿಸುತ್ತಿದ್ದೇವೆಂಬುದು ನನಗೆ ಆಗಲೇ ಹೊಳೆದದ್ದು. ಪಯ್ಯನ್ನೂರಿನಲ್ಲಿ ಸಂಜೆ ಆರರ ಮೇಲೆ ಗ್ರಂಥಪಾಲಕರ ಜೊತೆ ಸಮಿತಿಯ ಒಬ್ಬರಾದರೂ ಇದ್ದೇ ಇರುತ್ತಾರೆ.

ಕೊನೆಗೆ ಅಕ್ಕೋರೇ ಒಂದು ದಾರಿ ಹೇಳಿದರು. ಕುಮಟೆಯ ಕಾಲೇಜಿಗೆ ಹೋಗುವ ಇಬ್ಬರು ಹುಡುಗಿಯರು, ಚಪ್ಪರದಲ್ಲಿ ಪತ್ರಿಕೆ ಓದಿದ ಆ ಹುಡುಗ, ಮೂವರೂ ಸೇರಿ ವಾರಕ್ಕೆರಡು ಸಂಜೆ ನೋಡಿಕೊಳ್ಳಲು ಒಪ್ಪಿದ್ದಾರೆ. ಮೀನುಗಾರಿಕೆಯ ನಿಷೇಧ ಮುಗಿಯುವವರೆಗೆ, ಅಂದರೆ ಜುಲೈ ಕೊನೆಯವರೆಗೆ, ಪ್ರಯೋಗಕ್ಕೆಂದು. ಎರಡನೆಯ ಕೀಲಿ ಕೊಡಬೇಕಾದದ್ದು ಪಂಚಾಯಿತಿ. ಅರ್ಜಿಯನ್ನು ಹುಡುಗಿಯರು ಬರೆದರು, ಕೆಳಗೆ ಬಲೆ ಚಪ್ಪರದ ಹನ್ನೊಂದು ಜನ ಸಹಿ ಹಾಕಿದರು, ಅದರಲ್ಲಿ ಮೂರು ಹೆಬ್ಬೆಟ್ಟು. ನಾನು ರೈಲು ಹತ್ತಿದ ದಿನ ಅದನ್ನು ಕೊಟ್ಟು ಬಂದಿದ್ದಾರೆ.